ಎಳೆಯುವ ಬಟ್ಟೆಗೆ ಎಳೆಯುವ ಫ್ಯೂಸಿಂಗ್

ಕೇಳುಗರೇ, ನಮಸ್ಕಾರ.

ಬಳ್ಳಾರಿಯಲ್ಲಿ ಕೂತು ಜೀನ್ಸ್ ಬಗ್ಗೆ ಮಾತಾಡಲು ಪೀಠಿಕೆ ಜಾಸ್ತಿ ಬೇಕಿಲ್ಲ. ಹಿಂದೆ ದಂಡಿನ ಸೈನಿಕರಿಗೆ ಸಮವಸ್ತ್ರ ಹೊಲಿಯುತ್ತಿದ್ದ ಮನೆತನಗಳ ಕೈ ಆಮೇಲೆ ಪ್ಯಾಂಟಿಗೆ ಬಂತು, ಅಲ್ಲಿಂದ ಜೀನ್ಸಿಗೆ ಬಂತು ಅಂತ ಊರಿನ ಹಿರಿಯರು ಹೇಳುತ್ತಾರೆ. ಈಗ ಕತ್ತರಿಸುವುದು ಒಂದು ಕಡೆ, ಹೊಲಿಯುವುದು ಇನ್ನೊಂದು ಕಡೆ, ಕಾಜಾ ಹಾಕುವುದು, ದಾರ ಕತ್ತರಿಸುವುದು, ವಾಷಿಂಗ್, ಇಸ್ತ್ರಿ ಎಲ್ಲ ಬೇರೆ ಬೇರೆ ಕಡೆ. ಒಂದು ಪ್ಯಾಂಟು ಎಷ್ಟೋ ಕೈ ದಾಟಿ ಅಂಗಡಿಗೆ ಹೋಗುತ್ತದೆ. ಹಾಗಾಗಿ ಮೊದಲ ಮೇಜಿನ ಮೇಲೆ ಆದ ತಪ್ಪು ಕೊನೆಯ ಮೇಜಿಗೆ ಬಂದ ಮೇಲೇ ಕಣ್ಣಿಗೆ ಬೀಳುತ್ತದೆ.

ಇವತ್ತು ನಾನು ಹೇಳಲು ಬಂದಿರುವುದು ಹೊರಗೆ ಕಾಣದ ಒಂದು ಸಾಮಾನಿನ ಬಗ್ಗೆ. ಪ್ಯಾಂಟಿನ ಸೊಂಟಕ್ಕೆ ಬರುವ ಬೆಲ್ಟ್ ಪಟ್ಟಿ, ಕಾಲರ್, ಕಫ್, ಗುಂಡಿ ಪಟ್ಟಿ, ಇವುಗಳ ಒಳಗೆ ಬಿಸಿ ಮಾಡಿ ಅಂಟಿಸುವ ಆಸರೆ ಪದರ, ಅಂದರೆ ಫ್ಯೂಸಿಂಗ್. ಅಂಗಡಿಯಲ್ಲಿ ಬಕ್ರಂ ಅಂದರೂ ಕೊಡುತ್ತಾರೆ, ಕ್ಯಾನ್ವಾಸ್ ಅಂದರೂ ಕೊಡುತ್ತಾರೆ, ಪೇಸ್ಟಿಂಗ್ ಅಂದರೂ ಕೊಡುತ್ತಾರೆ. ಅದರಲ್ಲೂ ಲೈಕ್ರಾ ಇರುವ, ಎಳೆದರೆ ಹಿಗ್ಗುವ ಬಟ್ಟೆಗೆ ಯಾವ ಫ್ಯೂಸಿಂಗ್ ಹಾಕಬೇಕು ಅನ್ನುವುದೇ ಇವತ್ತಿನ ವಿಷಯ.

ಹಳೆಯ ಡೆನಿಮ್ ಪೂರಾ ಹತ್ತಿ. ದಪ್ಪ, ಬಿಗಿ. ಅದಕ್ಕೆ ಬೆಲ್ಟ್ ಎರಡು ಮಡಿಕೆ ಹಾಕಿ ಹೊಲಿದರೆ ತಾನೇ ನಿಲ್ಲುತ್ತಿತ್ತು. ಈಗಲೂ ಚದರ ಗಜಕ್ಕೆ ಹನ್ನೆರಡು ಔನ್ಸಿಗಿಂತ ಭಾರದ ಗಟ್ಟಿ ಡೆನಿಮ್ಮಿಗೆ ಬೆಲ್ಟಿನಲ್ಲಿ ಫ್ಯೂಸಿಂಗ್ ಬೇಡವೇ ಬೇಡ ಅಂತ ನಾನು ಹೇಳುತ್ತೇನೆ. ಸುಮ್ನೆ ಖರ್ಚು. ಆದರೆ ಸ್ಪಾಂಡೆಕ್ಸ್ ನೂಲು ಬಂದ ಮೇಲೆ ಲೆಕ್ಕ ಬದಲಾಯಿತು. ಅಮೆರಿಕದ ಡ್ಯುಪಾಂಟ್ ಕಂಪನಿಯಲ್ಲಿ ಜೋಸೆಫ್ ಶೈವರ್ಸ್ ಎಂಬ ರಸಾಯನಶಾಸ್ತ್ರಜ್ಞರು 1958ರಲ್ಲಿ ಈ ನೂಲನ್ನು ಮಾಡಿದರು. ಲೈಕ್ರಾ ಅನ್ನುವುದು ಅದರ ವ್ಯಾಪಾರದ ಹೆಸರು. ಇವತ್ತು ಹೆಂಗಸರ ಜೀನ್ಸ್, ಜೆಗ್ಗಿಂಗ್ಸ್, ಹುಡುಗರ ಸ್ಲಿಮ್ ಫಿಟ್, ಎಲ್ಲದರಲ್ಲೂ ಅದು ಇದೆ. ಶೇಕಡಾ 1, 2, 3ರಷ್ಟೇ ಇರುತ್ತದೆ. ಅಷ್ಟಕ್ಕೇ ಬಟ್ಟೆಯ ಗುಣ ಪೂರ್ತಿ ಬೇರೆ ಆಗುತ್ತದೆ. ಇಂಥ ಬಟ್ಟೆ ಸಾಮಾನ್ಯವಾಗಿ ತೆಳು, ಎಳೆದರೆ ಹಿಗ್ಗುತ್ತದೆ. ಬೆಲ್ಟ್ ನಿಲ್ಲಬೇಕಾದರೆ ಒಳಗೆ ಆಸರೆ ಬೇಕಾಗುತ್ತದೆ.

ಆ ಆಸರೆಗೆ ಯಾವುದೋ ಒಂದು ಪೇಪರ್ ಪೇಸ್ಟಿಂಗ್ ಹಾಕಿಬಿಟ್ಟರೆ ಏನಾಗುತ್ತದೆ? ಪೇಪರ್ ಪೇಸ್ಟಿಂಗ್ ಅಂದರೆ ನೇಯದೆ, ಹೆಣೆಯದೆ, ಎಳೆಗಳನ್ನು ಒತ್ತಿ ಮಾಡಿದ್ದು. ಕಾಗದದ ಹಾಗೆ ಇರುತ್ತದೆ. ಅಗ್ಗ. ಯಾವ ದಿಕ್ಕಿಗೆ ಬೇಕಾದರೂ ಕತ್ತರಿಸಬಹುದು. ಆದರೆ ಸಾಮಾನ್ಯವಾಗಿ ಅದು ಹಿಗ್ಗುವುದಿಲ್ಲ. ಒಂದೇ ನೊಗಕ್ಕೆ ಕಟ್ಟಿದ ಎರಡು ಎತ್ತಿನಲ್ಲಿ ಒಂದು ನಡೆದು ಇನ್ನೊಂದು ನಿಂತುಬಿಟ್ಟರೆ ಹೇಗೋ, ಇದೂ ಹಾಗೇ. ಹಾಕಿಕೊಂಡವರು ಕೂತಾಗ ಬಟ್ಟೆ ಹಿಗ್ಗಲು ನೋಡುತ್ತದೆ, ಫ್ಯೂಸಿಂಗ್ ಬಿಡುವುದಿಲ್ಲ. ಮೊದಲು ಸೊಂಟ ಬಿಗಿಯುತ್ತದೆ. ನಾಲ್ಕು ಸಲ ಹಾಕುವಷ್ಟರಲ್ಲಿ ಒಳಗೆ ಪೇಪರ್ ಹರಿಯುತ್ತದೆ. ಹರಿದ ಕಡೆ ಬೆಲ್ಟ್ ಮಡಚಿಕೊಳ್ಳುತ್ತದೆ, ಹರಿಯದ ಕಡೆ ಸೆಟೆದು ನಿಲ್ಲುತ್ತದೆ. ಗಿರಾಕಿ ಅದನ್ನು ಫ್ಯೂಸಿಂಗ್ ತಪ್ಪು ಅನ್ನುವುದಿಲ್ಲ. ಹೊಲಿಗೆ ಸರಿ ಇಲ್ಲ ಅನ್ನುತ್ತಾರೆ. ನನಗೆ ಬೇಜಾರಾಗುವುದು ಅದಕ್ಕೇ. ಕಾಲರ್ ಒಳಗೆ, ಪರ್ಸ್ ಒಳಗೆ, ಚೀಲಕ್ಕೆ ಪೇಪರ್ ಧಾರಾಳವಾಗಿ ಹಾಕಿ. ಸ್ಟ್ರೆಚ್ ಬಟ್ಟೆಯ ಬೆಲ್ಟಿಗೆ ಮಾತ್ರ ಬೇಡ.

ಸ್ಟ್ರೆಚ್ ಬಟ್ಟೆಗೆ ಬೇಕಾದದ್ದು ಹೆಣೆದ ಫ್ಯೂಸಿಂಗ್. ಟ್ರೈಕಾಟ್ ಅಂತ ಕೇಳಿದರೆ ಕೊಡುತ್ತಾರೆ. ತೆಳ್ಳಗಿರುತ್ತದೆ, ಮೆತ್ತಗಿರುತ್ತದೆ, ಒಂದು ಬದಿಗೆ ಸಣ್ಣ ಸಣ್ಣ ಅಂಟಿನ ಚುಕ್ಕೆ ಇರುತ್ತದೆ. ಬೆಳಕಿಗೆ ಓರೆಯಾಗಿ ಹಿಡಿದರೆ ಚುಕ್ಕೆಗಳು ಮಿನುಗುತ್ತವೆ. ಬೆರಳಾಡಿಸಿದರೆ ತುಸು ತರಿತರಿ. ಆ ಬದಿಯೇ ಬಟ್ಟೆಗೆ ತಾಗಬೇಕು. ಇನ್ನೊಂದು ಬಗೆ ನೇಯ್ದದ್ದು, ಆದರೆ ಸುರುಳಿ ನೂಲಿನಿಂದ ನೇಯ್ದಿರುವುದರಿಂದ ಅದೂ ಹಿಗ್ಗುತ್ತದೆ. ಕೆಲವು ಎರಡೂ ದಿಕ್ಕಿಗೆ ಹಿಗ್ಗುತ್ತವೆ. ಬೆಲೆ ಸ್ವಲ್ಪ ಜಾಸ್ತಿ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಸ್ಟ್ರೆಚ್ ಫ್ಯೂಸಿಂಗ್ ತಂದರೆ ಕೆಲಸ ಮುಗಿಯಲಿಲ್ಲ. ಅದು ಯಾವ ದಿಕ್ಕಿಗೆ ಹಿಗ್ಗುತ್ತದೆ ಅನ್ನುವುದರಲ್ಲಿ ಎಲ್ಲವೂ ಇದೆ.

ಸಾಮಾನ್ಯ ಟ್ರೈಕಾಟ್ ಅಗಲಕ್ಕೆ ಹಿಗ್ಗುತ್ತದೆ, ಉದ್ದಕ್ಕೆ ಅಷ್ಟಾಗಿ ಹಿಗ್ಗುವುದಿಲ್ಲ. ಸ್ಟ್ರೆಚ್ ಡೆನಿಮ್ ಕೂಡ ಬಹುಪಾಲು ಹಾಗೆಯೇ. ಹಾಸು, ಅಂದರೆ ಉದ್ದದ ಎಳೆ, ಬರೀ ಹತ್ತಿ; ಲೈಕ್ರಾ ಇರುವುದು ಹೊಕ್ಕಿನಲ್ಲಿ, ಅಡ್ಡ ಎಳೆಯಲ್ಲಿ. ಅಂದರೆ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಎಳೆದರೆ ಹಿಗ್ಗುತ್ತದೆ. ಈಗ ಕಟಿಂಗ್ ಮೇಜಿನ ಹತ್ತಿರ ಬನ್ನಿ. ಫ್ಯೂಸಿಂಗ್ ರೋಲನ್ನು ಉದ್ದಕ್ಕೆ ಸೀಳಿದರೆ ಕೆಲಸ ಬೇಗ, ಚೂರು ಉಳಿಯುವುದು ಕಮ್ಮಿ. ಎಷ್ಟು ಬೇಕಾದರೂ ಉದ್ದದ ಪಟ್ಟಿ ಸಿಗುತ್ತದೆ. ಹಾಗಾಗಿ ಕೈ ತಾನಾಗೇ ಉದ್ದಕ್ಕೆ ಹೋಗುತ್ತದೆ. ಆ ಪಟ್ಟಿ ಬೆಲ್ಟಿನ ಒಳಗೆ ಹೋದರೆ ಸೊಂಟದ ಸುತ್ತ ಅದು ಹಿಗ್ಗುವುದೇ ಇಲ್ಲ! ಸ್ಟ್ರೆಚ್ ಫ್ಯೂಸಿಂಗಿಗೆ ದುಡ್ಡು ಕೊಟ್ಟು, ಪೇಪರ್ ಹಾಕಿದ ಫಲ. ಸೊಂಟದ ಸುತ್ತ ಹಿಗ್ಗಬೇಕಾದರೆ ಟ್ರೈಕಾಟ್ ಪಟ್ಟಿಯನ್ನು ರೋಲಿನ ಅಗಲಕ್ಕೇ ಕತ್ತರಿಸಬೇಕು.

ಇದರ ಜೊತೆಗೆ ಬೆಲ್ಟಿನ ಬಟ್ಟೆ ಹೇಗೆ ಕತ್ತರಿಸಿದ್ದೀರಿ ಅಂತಲೂ ನೋಡಬೇಕು. ನೇರ ಬೆಲ್ಟನ್ನು ಡೆನಿಮ್ಮಿನ ಉದ್ದಕ್ಕೆ ಕತ್ತರಿಸಿದ್ದರೆ ಬಟ್ಟೆಯೇ ಸೊಂಟದ ಸುತ್ತ ಹಿಗ್ಗುವುದಿಲ್ಲ. ಅಲ್ಲಿ ಹಿಗ್ಗುವ ಫ್ಯೂಸಿಂಗ್ ಹಾಕಿ ಉಪಯೋಗವಿಲ್ಲ. ಹೆಂಗಸರ ಜೀನ್ಸಿನಲ್ಲಿ ಬರುವ ಬಾಗಿದ ಬೆಲ್ಟ್ ಬೇರೆ ಮಾತು. ಅದು ಬಿಲ್ಲಿನ ಆಕಾರ, ಹಾಗಾಗಿ ಬಟ್ಟೆ ಒಂದು ಕಡೆ ನೇರಕ್ಕೆ ಬರುತ್ತದೆ, ಇನ್ನೊಂದು ಕಡೆ ಓರೆಗೆ ಬರುತ್ತದೆ. ಓರೆಗೆ ಬಂದ ಕಡೆ ಬಟ್ಟೆ ಜಾಸ್ತಿ ಹಿಗ್ಗಿ ಜೋಲುತ್ತದೆ. ಅಲ್ಲಿ ಫ್ಯೂಸಿಂಗಿಗೆ ಹಿಡಿಯುವ ಕೆಲಸವೂ ಇದೆ, ಬಿಡುವ ಕೆಲಸವೂ ಇದೆ. ಅದಕ್ಕೇ ನನ್ನ ಅಭಿಪ್ರಾಯ ಏನೆಂದರೆ, ಬೆಲ್ಟಿಗೆ ಬಟ್ಟೆಯಷ್ಟೇ ಎಳೆತ ಬೇಡ, ಅದಕ್ಕಿಂತ ಕಮ್ಮಿ ಇರಲಿ. ಬಟ್ಟೆ ಹಿಗ್ಗುವುದರಲ್ಲಿ ಅರ್ಧದಷ್ಟು ಹಿಗ್ಗಿದರೂ ಕೂರಲು ಏಳಲು ಸಾಕು. ಮೇಲಿನ ಅಂಚಿಗೆ ಒಂದು ಕಿರಿದಾದ, ಹಿಗ್ಗದ ಟೇಪ್ ಕೊಟ್ಟರೆ ಸೊಂಟದ ಹಿಂಭಾಗ ಬಾಯಿ ಬಿಡುವುದೂ ಕಮ್ಮಿ ಆಗುತ್ತದೆ. ಆದರೆ ಆ ಟೇಪ್ ಕೊಡುವುದಾದರೆ ಸೊಂಟದ ಅಳತೆ ಮೊದಲೇ ಸರಿಯಾಗಿರಬೇಕು. ಆಮೇಲೆ ಹಿಗ್ಗುತ್ತದೆ ಬಿಡು ಅಂತ ಬಿಗಿ ಅಳತೆ ಇಡುವಂತಿಲ್ಲ.

ಕಾಜಾ ಬರುವ ಜಾಗ, ಜಿಪ್ ಪಟ್ಟಿ, ಜೇಬಿನ ಬಾಯಿ, ಇಲ್ಲೆಲ್ಲ ಸ್ಟ್ರೆಚ್ ಬೇಡವೇ ಬೇಡ. ಕಾಜಾ ಹಿಗ್ಗಿದರೆ ಗುಂಡಿ ಕಳಚಿಕೊಳ್ಳುತ್ತದೆ, ಜಿಪ್ ಪಟ್ಟಿ ಹಿಗ್ಗಿದರೆ ಜಿಪ್ ಅಲೆಅಲೆಯಾಗುತ್ತದೆ. ಅಲ್ಲಿ ಹಿಗ್ಗದ ತುಂಡನ್ನೇ ಹಾಕಿ.

ಎಷ್ಟು ಹಿಗ್ಗುತ್ತದೆ ಅಂತ ಅಳೆಯುವುದು ಸುಲಭ. ಬಟ್ಟೆಯ ಅಂಚಿನಿಂದ ಸ್ವಲ್ಪ ಒಳಗೆ ಪೆನ್ನಿನಿಂದ 10 ಸೆಂಟಿಮೀಟರ್ ಅಂತರಕ್ಕೆ ಎರಡು ಗೆರೆ ಹಾಕಿ. ಪಕ್ಕದಲ್ಲಿ ಸ್ಕೇಲ್ ಇಡಿ. ಜಗ್ಗಾಡಬೇಡಿ, ಮೈಮೇಲೆ ಎಷ್ಟು ಹಿಗ್ಗಬಹುದೋ ಅಷ್ಟೇ ಎಳೆಯಿರಿ. 12ಕ್ಕೆ ಬಂದರೆ ಶೇಕಡಾ 20 ಎಳೆತ. ಹಾಗೇ ಹತ್ತು ಎಣಿಸುವವರೆಗೆ ಹಿಡಿದು ಬಿಡಿ. ಒಂದು ನಿಮಿಷ ಬಿಟ್ಟು ಮತ್ತೆ ಅಳೆಯಿರಿ. 10ಕ್ಕೇ ವಾಪಸ್ ಬಂದರೆ ಒಳ್ಳೆಯ ಬಟ್ಟೆ. ಹತ್ತೂವರೆಯಲ್ಲೇ ನಿಂತರೆ ಆ ಬಟ್ಟೆ ಮೊಣಕಾಲಲ್ಲಿ, ಸೊಂಟದಲ್ಲಿ ಜೋಲುತ್ತದೆ. ಫ್ಯೂಸಿಂಗಿಗೂ ಇದೇ ಪರೀಕ್ಷೆ ಮಾಡಿ, ಎರಡನ್ನೂ ಅಂಟಿಸಿದ ಮೇಲೆ ಇನ್ನೊಂದು ಸಲ ಮಾಡಿ. ಅಂಟಿಸಿದ ಮೇಲೆ ಬರುವ ಲೆಕ್ಕವೇ ನಿಜವಾದ ಲೆಕ್ಕ. ಹಿಗ್ಗುವುದಕ್ಕಿಂತ ವಾಪಸ್ ಬರುವುದು ಮುಖ್ಯ, ಅಲ್ವಾ?

ಇನ್ನು ಅಂಟಿಸುವ ಕೆಲಸ. ಇದಕ್ಕೆ ಮೂರು ಬೇಕು. ಬಿಸಿ, ಒತ್ತಡ, ಹೊತ್ತು. ಟ್ರೈಕಾಟ್ ಬಗೆಯ ಮೆತ್ತನೆ ಫ್ಯೂಸಿಂಗಿಗೆ ಸಾಮಾನ್ಯವಾಗಿ 120ರಿಂದ 140 ಡಿಗ್ರಿ ಬಿಸಿ, ಹತ್ತರಿಂದ ಹದಿನೈದು ಸೆಕೆಂಡ್ ಹೊತ್ತು. ಸರಿಯಾದ ಅಂಕಿ ರೋಲಿನ ಚೀಟಿಯಲ್ಲಿ ಇರುತ್ತದೆ, ಅಂಗಡಿಯವರನ್ನು ಕೇಳಿ ಬರೆದುಕೊಳ್ಳಿ. ಮಷಿನ್ ಮೇಲೆ 140 ಅಂತ ತೋರಿಸಿದರೆ ಅಂಟಿನ ಹತ್ತಿರ ಅಷ್ಟೇ ಬಿಸಿ ಇದೆ ಅಂತ ಅಲ್ಲ. ದಪ್ಪ ಡೆನಿಮ್ ದಾಟಿ ಅಂಟಿಗೆ ಮುಟ್ಟುವಾಗ ಬಿಸಿ ಇಳಿದಿರುತ್ತದೆ. ಬಿಸಿ ಕಮ್ಮಿಯಾದರೆ ಅಂಟು ಕರಗುವುದಿಲ್ಲ. ಜಾಸ್ತಿಯಾದರೆ ಅಂಟು ಬಟ್ಟೆ ದಾಟಿ ಮೇಲಕ್ಕೆ ಚುಕ್ಕೆಚುಕ್ಕೆಯಾಗಿ ಕಾಣುತ್ತದೆ, ಲೈಕ್ರಾ ಎಳೆಯೂ ಜೀವ ಕಳೆದುಕೊಳ್ಳುತ್ತದೆ. ಒಮ್ಮೆ ಸುಟ್ಟ ಲೈಕ್ರಾ ಮತ್ತೆ ಹಿಗ್ಗುವುದಿಲ್ಲ.

ಮನೆಯಲ್ಲಿ ಇಸ್ತ್ರಿಪೆಟ್ಟಿಗೆಯಿಂದ ಅಂಟಿಸುವ ಅಕ್ಕಂದಿರಿಗೆ ಒಂದು ಮಾತು. ಪೆಟ್ಟಿಗೆಯ ಮೇಲೆ ಚುಕ್ಕೆಗಳಿರುತ್ತವೆ. ಒಂದು ಚುಕ್ಕೆ ಅಂದರೆ 110 ಡಿಗ್ರಿವರೆಗೆ, ಎರಡು ಅಂದರೆ 150, ಮೂರು ಅಂದರೆ 200. ಎರಡು ಚುಕ್ಕೆಯಲ್ಲಿ ಇಟ್ಟುಕೊಳ್ಳಿ. ಮೇಲೆ ತೆಳು ಹತ್ತಿ ಬಟ್ಟೆ ಹಾಕಿ. ಪೆಟ್ಟಿಗೆಯನ್ನು ಉಜ್ಜಬೇಡಿ. ಉಜ್ಜಿದರೆ ಟ್ರೈಕಾಟ್ ಹಿಗ್ಗಿದ ಸ್ಥಿತಿಯಲ್ಲೇ ಅಂಟಿಕೊಳ್ಳುತ್ತದೆ, ಆಮೇಲೆ ವಾಪಸ್ ಎಳೆದು ಬಟ್ಟೆ ನೆರಿಗೆಯಾಗುತ್ತದೆ. ಇಡಿ, ಒತ್ತಿ, ಎತ್ತಿ, ಪಕ್ಕಕ್ಕೆ ಇಡಿ. ಮುಗಿದ ತಕ್ಷಣ ತುಂಡನ್ನು ಎತ್ತಿ ಮಡಚಬೇಡಿ. ಬಿಸಿ ಇರುವಾಗ ಅಂಟು ಇನ್ನೂ ಹಸಿ. ಸಮತಟ್ಟಾಗಿ ಹರಡಿ ಆರಲು ಬಿಡಿ. ನಮ್ಮ ಬಳ್ಳಾರಿ ಬೇಸಿಗೆಯಲ್ಲಿ, ಅದೂ ತಗಡಿನ ಶೆಡ್ಡಿನಲ್ಲಿ, ಆರುವುದು ನಿಧಾನ. ಒಂದರ ಮೇಲೊಂದು ಪೇರಿಸಿದರೆ ಕೆಳಗಿನದು ಬಿಸಿಯಾಗೇ ಉಳಿಯುತ್ತದೆ. ಒಂದು ಫ್ಯಾನ್ ಅಡಿಯಲ್ಲಿ ಹರಡಲು ಜಾಗ ಮಾಡಿಕೊಳ್ಳಿ.

ಬಟ್ಟೆಯ ರೋಲು ಬಿಚ್ಚಿದ ಕೂಡಲೇ ಕತ್ತರಿಸುವುದನ್ನೂ ಬಿಡಬೇಕು. ಸ್ಟ್ರೆಚ್ ಬಟ್ಟೆಯನ್ನು ರೋಲಿಗೆ ಬಿಗಿಯಾಗಿ ಸುತ್ತಿರುತ್ತಾರೆ. ಹರಡಿ ಒಂದು ರಾತ್ರಿ ಬಿಟ್ಟರೆ ಅದು ತನ್ನ ಅಳತೆಗೆ ಬರುತ್ತದೆ.

ಈಗ ಬಳ್ಳಾರಿಯ ಕೆಲಸಕ್ಕೇ ಸೇರಿದ ದೊಡ್ಡ ಸಮಸ್ಯೆ, ವಾಷಿಂಗ್. ಬೇರೆ ಬಟ್ಟೆ ಹೊಲಿದ ಮೇಲೆ ಇಸ್ತ್ರಿ ಕಂಡು ಅಂಗಡಿಗೆ ಹೋಗುತ್ತದೆ. ಜೀನ್ಸ್ ಹಾಗಲ್ಲ. ಹೊಲಿದ ಮೇಲೆ ಬಿಸಿನೀರು, ಎನ್ಜೈಮ್, ಕೆಲವಕ್ಕೆ ಕಲ್ಲು, ಬ್ಲೀಚ್, ಆಮೇಲೆ ಬಿಸಿಗಾಳಿಯ ಡ್ರೈಯರ್. ಸ್ಟ್ರೆಚ್ ಡೆನಿಮ್ ಅಗಲಕ್ಕೆ ಶೇಕಡಾ 10ಕ್ಕೂ ಮೇಲೆ ಕುಗ್ಗುವುದುಂಟು. ಒಳಗಿನ ಫ್ಯೂಸಿಂಗ್ ಅಷ್ಟು ಕುಗ್ಗದಿದ್ದರೆ ಅದಕ್ಕೆ ಹೋಗಲು ಜಾಗವಿಲ್ಲ, ಬಟ್ಟೆ ಬಿಟ್ಟು ಮೇಲೆದ್ದು ನಿಲ್ಲುತ್ತದೆ. ಹೊರಗಿನಿಂದ ಬೆಲ್ಟ್ ಮೇಲೆ ಗುಳ್ಳೆಗುಳ್ಳೆ. ಹೆಬ್ಬೆರಳಿಂದ ಒತ್ತಿದರೆ ಒಳಗೆ ಎರಡು ಪದರ ಜಾರುವುದು ಗೊತ್ತಾಗುತ್ತದೆ. ಇಸ್ತ್ರಿ ಹಾಕಿದರೆ ಕೂತಂತೆ ಕಾಣುತ್ತದೆ, ಗಿರಾಕಿ ಒಮ್ಮೆ ಒಗೆದರೆ ಮತ್ತೆ ಏಳುತ್ತದೆ.

ಅಂಟಿನಲ್ಲೂ ಬಗೆಗಳಿವೆ. ಮೆತ್ತನೆ ಫ್ಯೂಸಿಂಗಿನಲ್ಲಿ ಹೆಚ್ಚಾಗಿ ಪಾಲಿಅಮೈಡ್ ಅಂಟು. ಡ್ರೈಕ್ಲೀನ್‌ಗೆ ಚೆನ್ನಾಗಿ ತಡೆಯುತ್ತದೆ, ಮನೆಯ ಒಗೆತಕ್ಕೂ ಪರವಾಗಿಲ್ಲ. ಶರ್ಟ್ ಕಾಲರಿಗೆ ಬರುವ ಗಟ್ಟಿ ಪಾಲಿಥಿನ್ ಅಂಟು ಬಿಸಿನೀರಿಗೆ ಜಗ್ಗುವುದಿಲ್ಲ, ಆದರೆ ಅಂಟಿಸಲು ಬಿಸಿಯೂ ಒತ್ತಡವೂ ಜಾಸ್ತಿ ಬೇಕು. ಲೈಕ್ರಾ ಬಟ್ಟೆಗೆ ಅಷ್ಟು ಬಿಸಿ ಕೊಡುವುದು ಕಷ್ಟ. ಹಾಗಾಗಿ ಅಂಗಡಿಯಲ್ಲಿ ಹೀಗೆ ಕೇಳಿ: ಇದು ಹೊಲಿದ ಮೇಲೆ ವಾಷಿಂಗಿಗೆ ಹೋಗುತ್ತದೆ, ಅದಕ್ಕೆ ತಡೆಯುವ ಅಂಟು ಇದೆಯಾ? ಕಲ್ಲು ಹಾಕಿ ತಿರುಗಿಸುವ ಭಾರೀ ವಾಷ್ ಇದ್ದರೆ ಅಂಟಿಸುವುದನ್ನೇ ಬಿಟ್ಟು, ಹಿಗ್ಗುವ ಪಟ್ಟಿಯನ್ನು ಒಳಗಿಟ್ಟು ಹೊಲಿದುಬಿಡುವುದೇ ಒಳ್ಳೆಯದು.

ಅದಕ್ಕೇ ಲಾಟ್ ಕತ್ತರಿಸುವ ಮೊದಲು ಒಂದು ಗೇಣು ಬೆಲ್ಟ್ ತುಂಡು ಮಾಡಿ, ಫ್ಯೂಸಿಂಗ್ ಹಚ್ಚಿ, ಹೊಲಿದು, ಅದೇ ಲಾಟಿಗೆ ಯಾವ ವಾಷ್ ಇದೆಯೋ ಅದೇ ವಾಷಿಗೆ ಕಳಿಸಿ. ಮನೆಯಲ್ಲಿ ಬಕೆಟ್ಟಿನಲ್ಲಿ ನೆನೆಸಿದರೆ ಪರೀಕ್ಷೆ ಆಗುವುದಿಲ್ಲ. ವಾಪಸ್ ಬಂದ ಮೇಲೆ ಉದ್ದ ಅಳೆಯಿರಿ, ಮೂಲೆ ಬಿಚ್ಚಿ ಎಳೆಯಿರಿ. ಅಂಟು ಗಟ್ಟಿ ಹಿಡಿದಿದ್ದರೆ ಬೆರಳಿಗೆ ಸಮನಾಗಿ ತಡೆ ಸಿಗುತ್ತದೆ. ಕಾಗದದ ಹಾಗೆ ಸರ್ರನೆ ಬಂದರೆ ಆ ಫ್ಯೂಸಿಂಗ್ ಆ ಬಟ್ಟೆಗಲ್ಲ.

ಕುರ್ತಿ, ಬ್ಲೌಸ್ ಹೊಲಿಯುವವರಿಗೂ ಇದೇ ಲೆಕ್ಕ. ಕಾಟನ್ ಲೈಕ್ರಾ ಬ್ಲೌಸಿನ ಕುತ್ತಿಗೆಗೆ ಕ್ಯಾನ್ವಾಸ್ ಹಾಕಿದರೆ ಬೆನ್ನಲ್ಲಿ ಸೆಟೆದು ನಿಲ್ಲುತ್ತದೆ. ಟ್ರೈಕಾಟ್ ಹಾಕಿ, ಹುಕ್ ಪಟ್ಟಿಗೆ ಮಾತ್ರ ಗಟ್ಟಿ ಪೇಸ್ಟಿಂಗ್ ಇರಲಿ. ಕಪ್ಪು ಬಟ್ಟೆಗೆ ಕಪ್ಪು ಫ್ಯೂಸಿಂಗ್ ಸಿಗುತ್ತದೆ, ಕೇಳಿ ತನ್ನಿ.

ಕೊನೆಗೆ ಯೂನಿಟ್ ನಡೆಸುವ ಅಣ್ಣಂದಿರಿಗೆ ಒಂದು ವಿನಂತಿ. ಬೆಲ್ಟ್ ಗುಳ್ಳೆ ಎದ್ದರೆ ಬಿಚ್ಚಿ ಹೊಲಿಯುವ ಕೆಲಸ ಬೀಳುವುದು ಪೀಸ್ ಲೆಕ್ಕದಲ್ಲಿ ದುಡಿಯುವವರ ಮೇಲೆ. ಬಿಚ್ಚಿದ್ದಕ್ಕೆ ಅವರಿಗೆ ಕೂಲಿ ಇರುವುದಿಲ್ಲ. ಫ್ಯೂಸಿಂಗ್ ಆರಿಸಿದ್ದು ಅವರಲ್ಲ, ಕತ್ತರಿಸಿದ್ದೂ ಅವರಲ್ಲ. ದಯವಿಟ್ಟು ಆ ಕೂಲಿ ಕೊಡಿ. ಬಂಡಲ್ ಕಳಿಸುವಾಗ ಪರೀಕ್ಷೆ ಮಾಡಿದ ಆ ಗೇಣು ತುಂಡನ್ನೂ ಜೊತೆಗೆ ಕಟ್ಟಿ ಕಳಿಸಿ. ಅದರ ಮೇಲೆ ಹಿಗ್ಗುವ ದಿಕ್ಕಿಗೆ ಒಂದು ಬಾಣದ ಗುರುತು, ಪಕ್ಕದಲ್ಲಿ ಎಷ್ಟು ಡಿಗ್ರಿ, ಎಷ್ಟು ಸೆಕೆಂಡ್ ಅಂತ ಬರೆದಿರಲಿ.

ನಮಸ್ಕಾರ.