ಗೀಸರ್ ತೊಟ್ಟಿಕ್ಕಿದರೆ ತಡೆಯಬೇಡಿ

ಎಲ್ಲರಿಗೂ ನಮಸ್ಕಾರ.

ಇವತ್ತಿನ ಮಾತನ್ನು ಒಂದು ಹನಿ ನೀರಿನಿಂದ ಶುರುಮಾಡೋಣ. ಗೋಡೆಗೆ ಕೂರಿಸಿದ ಗೀಸರಿನ ಕೆಳಗೆ, ತಣ್ಣೀರು ಒಳಹೋಗುವ ಕಡೆ, ಹೆಬ್ಬೆರಳು ಗಾತ್ರದ ಹಿತ್ತಾಳೆ ವಾಲ್ವ್ ಒಂದಿರುತ್ತದೆ. ಅದರ ಪಕ್ಕಕ್ಕೊಂದು ಪುಟ್ಟ ಹಿಡಿಕೆ, ಕೆಳಮುಖವಾಗಿ ಒಂದು ಸಣ್ಣ ಮೂತಿ. ಸ್ವಿಚ್ ಹಾಕಿ ಹತ್ತು ಹದಿನೈದು ನಿಮಿಷವಾಗುವ ಹೊತ್ತಿಗೆ ಆ ಮೂತಿಯಿಂದ ಹನಿ ಬೀಳತೊಡಗುತ್ತದೆ. ಮುಟ್ಟಿ ನೋಡಿದರೆ ನೀರು ತಣ್ಣಗೇ ಇರುತ್ತದೆ. 'ಬಿಸಿ ಮಾಡುವ ಡಬ್ಬಿಯಿಂದ ತಣ್ಣೀರು ಸೋರುತ್ತಿದೆಯಲ್ಲ, ಎಲ್ಲೋ ವಾಷರ್ ಹೋಗಿದೆ' ಅಂದುಕೊಂಡು ಮೂತಿಗೆ ಅಂಟು ಮೆತ್ತುತ್ತಾರೆ, ಕಡ್ಡಿ ತುರುಕುತ್ತಾರೆ, ಇನ್ನೂ ಕೈಚಳಕ ಇದ್ದವರು ಕ್ಯಾಪ್ ಹಾಕಿ ಬಿಗಿಯುತ್ತಾರೆ. ಗೀಸರಿಗೆ ಮನೆಮಂದಿ ಮಾಡಬಹುದಾದ ಕೆಲಸಗಳಲ್ಲಿ ಇದಕ್ಕಿಂತ ಅಪಾಯದ್ದು ಇನ್ನೊಂದಿಲ್ಲ.

ಆ ಹನಿ ಎಲ್ಲಿಂದ ಬರುತ್ತದೆ ಎಂದು ಲೆಕ್ಕ ಹಾಕಿ ನೋಡೋಣ. 25 ಡಿಗ್ರಿ ಸೆಲ್ಸಿಯಸ್ ಇದ್ದ ನೀರನ್ನು 60 ಡಿಗ್ರಿಗೆ ಕಾಯಿಸಿದರೆ ಅದರ ಗಾತ್ರ ನೂರಕ್ಕೆ ಸುಮಾರು 1.4ರಷ್ಟು ಹಿಗ್ಗುತ್ತದೆ. 25 ಲೀಟರಿನ ಟ್ಯಾಂಕಿನಲ್ಲಿ ಇದು 350 ಮಿಲಿಲೀಟರ್, ಅಂದರೆ ಎರಡು ಲೋಟದ ಹತ್ತಿರ. ನೀರನ್ನು ಅದುಮಿ ಕುಗ್ಗಿಸಲು ಆಗುವುದಿಲ್ಲ. ಬಿಸಿನೀರಿನ ನಲ್ಲಿ ಮುಚ್ಚಿದೆ. ತಣ್ಣೀರಿನ ಕಡೆಗೆ ವಾಪಸ್ ಹೋಗೋಣವೆಂದರೆ ಅದೇ ವಾಲ್ವಿನೊಳಗಿನ ಒಮ್ಮುಖ ಬಾಗಿಲು ಬಿಡುವುದಿಲ್ಲ. ಹಾಗಾಗಿ ಒತ್ತಡ ಏರುತ್ತದೆ. ಅದು ವಾಲ್ವಿಗೆ ಗೊತ್ತುಮಾಡಿದ ಮಿತಿ ಮುಟ್ಟಿದಾಗ, ಮನೆ ಗೀಸರುಗಳಲ್ಲಿ ಸಾಮಾನ್ಯವಾಗಿ ಇದು 8 ಬಾರ್ (ಬಾರ್ ಎಂದರೆ ಒತ್ತಡದ ಅಳತೆ), ಒಳಗಿನ ಸ್ಪ್ರಿಂಗ್ ಹಿಂದೆ ಸರಿದು ಹೆಚ್ಚಾದ ನೀರನ್ನು ಹನಿಹನಿಯಾಗಿ ಹೊರಗೆ ಬಿಡುತ್ತದೆ. ವಾಲ್ವ್ ಇರುವುದು ತಣ್ಣೀರಿನ ಬಾಯಲ್ಲಿ, ಆದ್ದರಿಂದಲೇ ಹನಿ ತಣ್ಣಗಿರುತ್ತದೆ.

ಮೂತಿ ಮುಚ್ಚಿದರೆ ಮೊದಮೊದಲು ಏನೂ ಆದಂತೆ ಕಾಣುವುದಿಲ್ಲ. ದಿನಕ್ಕೆ ಎರಡು ಸಲ ಉಬ್ಬಿ ತಗ್ಗುವ ಟ್ಯಾಂಕಿನ ಬೆಸುಗೆ ಕ್ರಮೇಣ ಕೂದಲೆಳೆಯಷ್ಟು ಬಾಯಿ ಬಿಡಬಹುದು. ಆಗಲೂ ಅದು ಅದೃಷ್ಟವೇ. ಜೊತೆಗೆ ಬಿಸಿಯನ್ನು ಹತೋಟಿಯಲ್ಲಿಡುವ ಥರ್ಮೋಸ್ಟಾಟ್ ಅಂಟಿಕೊಂಡು, ಬಿಸಿ ಮಿತಿಮೀರಿದಾಗ ಕರೆಂಟ್ ಕಡಿಯುವ ಕಟೌಟ್ ಕೂಡ ಕೈಕೊಟ್ಟರೆ ಕತೆ ಬೇರೆ. 8 ಬಾರ್ ಒತ್ತಡದಲ್ಲಿ ನೀರು ಕುದಿಯುವುದು 100 ಡಿಗ್ರಿಗಲ್ಲ, ಸುಮಾರು 175 ಡಿಗ್ರಿಗೆ. ಅಷ್ಟು ಕಾದ ನೀರಿನ ಟ್ಯಾಂಕ್ ಸೀಳಿತೆಂದರೆ ಒಳಗಿನ ನೀರಿನ ಏಳನೇ ಒಂದು ಭಾಗ ಆ ಕ್ಷಣದಲ್ಲೇ ಉಗಿಯಾಗುತ್ತದೆ. 25 ಲೀಟರ್ ಟ್ಯಾಂಕಿನಿಂದ ಏಳುವ ಆ ಉಗಿ 5,000 ಲೀಟರಿನಷ್ಟು ಜಾಗ ಬೇಡುತ್ತದೆ. ಬಚ್ಚಲುಮನೆಯ ಬಾಗಿಲು, ಗೋಡೆ ಅದನ್ನು ತಡೆಯಲಾರವು.

ಹಾಗಂತ ಎಲ್ಲ ಸೋರಿಕೆಯೂ ಒಳ್ಳೆಯದಲ್ಲ. ರಾತ್ರಿಯಿಡೀ ಸ್ವಿಚ್ ಆರಿಸಿ, ನೀರು ಪೂರ್ತಿ ತಣ್ಣಗಾದ ಮೇಲೂ ಬೆಳಗ್ಗೆ ಹನಿ ಬೀಳುತ್ತಲೇ ಇದ್ದರೆ ಎರಡರಲ್ಲಿ ಒಂದು ಕಾರಣ: ವಾಲ್ವಿನ ಸೀಟಿನಲ್ಲಿ ಮರಳಿನ ಕಣ ಸಿಕ್ಕಿದೆ, ಇಲ್ಲವೇ ಒಳಬರುವ ನೀರಿನ ಒತ್ತಡವೇ ಹೆಚ್ಚಿದೆ. ಮೊದಲನೆಯದಕ್ಕೆ ಹಿಡಿಕೆಯನ್ನು ನಾಲ್ಕೈದು ಸೆಕೆಂಡ್ ಎತ್ತಿ ನೀರು ಚಿಮ್ಮಲು ಬಿಟ್ಟರೆ ಕಣ ಕೊಚ್ಚಿಹೋಗುತ್ತದೆ. ಎರಡು ಮೂರು ಸಲ ಹೀಗೆ ಮಾಡಿದರೂ ನಿಲ್ಲದಿದ್ದರೆ ವಾಲ್ವ್ ಬದಲಿಸಿ. ಎರಡನೆಯದು ಎತ್ತರದ ಕಟ್ಟಡಗಳ ಕೆಳಮಹಡಿಯಲ್ಲಿ, ಪ್ರೆಶರ್ ಪಂಪ್ ಇರುವ ಮನೆಗಳಲ್ಲಿ ಕಾಣುತ್ತದೆ. ಕಟ್ಟಡದ ಮೇಲಿನ ನೀರಿನ ಟ್ಯಾಂಕ್ ಗೀಸರಿಗಿಂತ ಎತ್ತರದಲ್ಲಿರುವ ಪ್ರತಿ 10 ಮೀಟರಿಗೆ 1 ಬಾರ್ ಸೇರುತ್ತದೆ. ಅಲ್ಲಿ ಗೀಸರಿಗಿಂತ ಮೊದಲು ಒತ್ತಡ ತಗ್ಗಿಸುವ ವಾಲ್ವ್ ಕೂರಿಸಬೇಕು. ಮೂತಿಗೆ ಸಣ್ಣ ಪೈಪ್ ಸಿಕ್ಕಿಸಿ ನೀರನ್ನು ನೆಲದ ಮೋರಿಗೆ ಇಳಿಸಿದರೆ ರಗಳೆಯೇ ಇಲ್ಲ. ಪೈಪಿನ ತುದಿ ತೆರೆದಿರಲಿ, ಎಲ್ಲೂ ಮೇಲಕ್ಕೆ ಡೊಂಕಾಗದಿರಲಿ, ಪ್ಲಗ್ ಪಾಯಿಂಟಿನ ಮೇಲೆ ಹಾಯದಿರಲಿ. ಹಿಡಿಕೆಯನ್ನು ತಿಂಗಳಿಗೊಮ್ಮೆ, ನೀರು ತಣ್ಣಗಿದ್ದಾಗ, ಎತ್ತಿ ಬಿಡುತ್ತಿರಿ. ವರ್ಷಗಟ್ಟಲೆ ಮುಟ್ಟದ ವಾಲ್ವಿನ ಸ್ಪ್ರಿಂಗ್ ಸುಣ್ಣ ಕಟ್ಟಿ ಬಿಗಿಯಾಗಿರುತ್ತದೆ, ಬೇಕಾದಾಗ ತೆರೆಯುವುದಿಲ್ಲ.

ಈಗ ಕರೆಂಟಿನ ಮಾತು. 2 ಕಿಲೋವ್ಯಾಟಿನ ಗೀಸರ್ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ, 3 ಕಿಲೋವ್ಯಾಟಿನದು 13. ಆದ್ದರಿಂದ 16 ಆಂಪಿಯರ್ ಪ್ಲಗ್, 2.5 ಚದರ ಮಿಲಿಮೀಟರಿಗೆ ಕಡಿಮೆಯಿಲ್ಲದ ತಾಮ್ರದ ವೈರ್, ಅದಕ್ಕೆಂದೇ ಪ್ರತ್ಯೇಕ ಎಂಸಿಬಿ (ಹೊರೆ ಮೀರಿದರೆ ಕರೆಂಟ್ ಕಡಿಯುವ ಸ್ವಿಚ್) ಬೇಕು. ಎಕ್ಸ್‌ಟೆನ್ಶನ್ ಬೋರ್ಡ್ ಖಂಡಿತ ಬೇಡ. ಅರ್ಧ ಗಂಟೆ ಓಡಿದ ಮೇಲೆ ಆರಿಸಿ, ಪ್ಲಗ್ ಕಿತ್ತು ಪಿನ್ನುಗಳನ್ನು ನೋಡಿ. ಕಂದು ಬಣ್ಣಕ್ಕೆ ತಿರುಗಿದ್ದರೆ, ಸಾಕೆಟಿನ ತೂತಿನ ಅಂಚು ಹಳದಿಯಾಗಿದ್ದರೆ ಪಿನ್ನನ್ನು ಹಿಡಿಯುವ ಒಳಗಿನ ಕಚ್ಚು ಸಡಿಲವಾಗಿದೆ ಎಂದರ್ಥ. ಗೀಸರಿನಿಂದ ಹೊತ್ತುವ ಬೆಂಕಿ ಬಹಳ ಸಲ ಶುರುವಾಗುವುದು ಟ್ಯಾಂಕಿನಲ್ಲಲ್ಲ, ಈ ಕಚ್ಚಿನಲ್ಲಿ.

ಶಾಕ್ ಹೊಡೆಯುವುದು ನೀರು ಕಾಯಿಸುವ ಕಾಯಿಲಿನ ಹೊರಕವಚ ಬಿರಿದಾಗ. ಆಗ ನೀರಿಗೇ ಕರೆಂಟ್ ಇಳಿಯುತ್ತದೆ. ಅರ್ಥಿಂಗ್ ಸರಿಯಿದ್ದು ಕರೆಂಟ್ ಸೋರಿದೊಡನೆ ತಾನೇ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದ್ದರೆ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಬೀಳುತ್ತದೆ. ಗೀಸರ್ ಹಾಕಿದಾಗಲೆಲ್ಲ ಆರ್‌ಸಿಸಿಬಿ ಬೀಳುತ್ತಿದ್ದರೆ ಅದನ್ನು ಬೈಯಬೇಡಿ, ಬೈಪಾಸ್ ಮಾಡುವುದಂತೂ ಬೇಡವೇ ಬೇಡ. ಕಾಯಿಲ್ ತೆಗೆಸಿ ನೋಡಿಸಿ. 'ಸ್ನಾನಕ್ಕಿಳಿಯುವ ಮುಂಚೆ ಸ್ವಿಚ್ ಆರಿಸಿದರೆ ಸಾಕಲ್ಲವೇ' ಎಂಬ ಮಾತು ಅರ್ಧ ನಿಜ. ಆರಿಸುವುದು ಒಳ್ಳೆಯದೇ. ಆದರೆ ಸಾಮಾನ್ಯ ಸ್ವಿಚ್ ಫೇಸ್ ತಂತಿಯನ್ನು ಮಾತ್ರ ಕಡಿಯುತ್ತದೆ, ವೈರಿಂಗಿನಲ್ಲಿ ಫೇಸ್ ನ್ಯೂಟ್ರಲ್ ಅದಲುಬದಲಾಗಿದ್ದರೆ ಆರಿಸಿಯೂ ಪ್ರಯೋಜನವಿಲ್ಲ. ಎರಡೂ ತಂತಿ ಕಡಿಯುವ ಡಬಲ್ ಪೋಲ್ ಸ್ವಿಚ್ ಹಾಕಿಸುವುದು ಮೇಲು.

ಕಟೌಟಿನ ಕೆಂಪು ಬಟನ್ ಬಗ್ಗೆಯೂ ಒಂದು ಮಾತು. ಒಮ್ಮೆ ಬಿದ್ದರೆ ಒತ್ತಿ ಸರಿಮಾಡಬಹುದು. ವಾರಕ್ಕೆರಡು ಸಲ ಬೀಳುತ್ತಿದ್ದರೆ ಥರ್ಮೋಸ್ಟಾಟ್ ಕೆಟ್ಟಿದೆ ಅಥವಾ ಕಾಯಿಲಿಗೆ ಸುಣ್ಣ ದಪ್ಪವಾಗಿ ಕಟ್ಟಿದೆ. ಗಡಸು ನೀರು ಕಾದಂತೆ ಅದರಲ್ಲಿ ಕರಗಿದ ಬೈಕಾರ್ಬನೇಟ್ ಒಡೆದು ಕ್ಯಾಲ್ಸಿಯಂ ಕಾರ್ಬನೇಟ್ ಆಗಿ ಕಾಯಿಲಿಗೆ ಮೆತ್ತಿಕೊಳ್ಳುತ್ತದೆ. ಈ ಪದರ ಶಾಖವನ್ನು ನೀರಿಗೆ ಬಿಡದೆ ಕಾಯಿಲನ್ನೇ ಸುಡುತ್ತದೆ. ಪದರದಡಿ ಸಿಕ್ಕ ನೀರು ಅಲ್ಲಲ್ಲೇ ಕುದಿದು ಚಟಪಟ ಸದ್ದು ಮಾಡುತ್ತದೆ. ಆ ಸದ್ದು ಕೇಳಿದರೆ ಸರ್ವಿಸಿಗೆ ತಡಮಾಡಬೇಡಿ.

ನೀರನ್ನು ಎಷ್ಟಕ್ಕೆ ಕಾಯಿಸಬೇಕು? 70ಕ್ಕೆ ತಿರುಗಿಸಿಟ್ಟರೆ ಸುಣ್ಣ ಬೇಗ ಕಟ್ಟುತ್ತದೆ, ಕರೆಂಟೂ ಪೋಲು. 40ಕ್ಕೆ ಇಟ್ಟರೆ ಅದು ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾಕ್ಕೆ ಹದವಾದ ಬಿಸಿ. ನಿಂತ ನೀರಿನಲ್ಲಿ ಬೆಳೆದು, ಷವರಿನ ತುಂತುರಿನೊಡನೆ ಶ್ವಾಸಕೋಶ ಸೇರಿದರೆ ನ್ಯುಮೋನಿಯಾ ತರುತ್ತದೆ. 60 ಡಿಗ್ರಿಯಲ್ಲಿ ಅದು ಹೆಚ್ಚು ಹೊತ್ತು ಬದುಕದು. ಆದರೆ 60 ಡಿಗ್ರಿಯ ನೀರು ಚರ್ಮವನ್ನು ಕೆಲವೇ ಸೆಕೆಂಡುಗಳಲ್ಲಿ ಸುಡುತ್ತದೆ, ಮಕ್ಕಳದನ್ನು ಇನ್ನೂ ಬೇಗ. ಹಾಗಾಗಿ ಟ್ಯಾಂಕಿನಲ್ಲಿ 60, ಮೈಮೇಲೆ 40: ಇದು ಸರಿಯಾದ ದಾರಿ. ಬಕೆಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ವಾರಗಟ್ಟಲೆ ಮನೆ ಬೀಗ ಹಾಕಿ ಬಂದ ದಿನ ನೀರನ್ನು ಪೂರ್ತಿ ಕಾಯಿಸಿ, ಕಿಟಕಿ ತೆರೆದು, ಒಂದೆರಡು ನಿಮಿಷ ಹರಿಯಬಿಟ್ಟು ಆಮೇಲೆ ಷವರ್ ಬಳಸಿ.

ಬಿಲ್ಲಿನ ವಿಷಯಕ್ಕೆ ಬಂದರೆ, 1 ಲೀಟರ್ ನೀರನ್ನು 1 ಡಿಗ್ರಿ ಏರಿಸಲು 1.163 ವ್ಯಾಟ್-ಅವರ್ ಬೇಕು. 15 ಲೀಟರನ್ನು 25ರಿಂದ 60ಕ್ಕೆ ತರಲು ಸುಮಾರು 0.6 ಯೂನಿಟ್, 2 ಕಿಲೋವ್ಯಾಟಿನ ಗೀಸರಿಗೆ 18-20 ನಿಮಿಷದ ಕೆಲಸ. ಅದಕ್ಕೆ 20 ಲೀಟರ್ ತಣ್ಣೀರು ಬೆರೆಸಿದರೆ ಲೆಕ್ಕದ ಪ್ರಕಾರ 40 ಡಿಗ್ರಿಯ 35 ಲೀಟರ್ ಸಿಗುತ್ತದೆ. 'ಆರಿಸಿ ಮತ್ತೆ ಹಾಕಿದರೆ ಹೆಚ್ಚು ಕರೆಂಟ್ ತಿನ್ನುತ್ತದೆ, ಸದಾ ಆನ್ ಇದ್ದರೇ ಉಳಿತಾಯ' ಎಂಬ ನಂಬಿಕೆ ಪೂರ್ತಿ ತಪ್ಪು. ಟ್ಯಾಂಕ್ ಹೊರಗಿನ ಗಾಳಿಗಿಂತ ಎಷ್ಟು ಬಿಸಿಯಿದೆಯೋ ಅಷ್ಟು ವೇಗವಾಗಿ ಶಾಖ ಸೋರುತ್ತದೆ. ಆರಿಸಿಟ್ಟ ಟ್ಯಾಂಕ್ ತಣ್ಣಗಾಗುತ್ತಾ ಹೋದಂತೆ ಸೋರಿಕೆಯೂ ಕುಗ್ಗುತ್ತದೆ, ಸದಾ ಬಿಸಿಯಿಟ್ಟದ್ದರಲ್ಲಿ ದಿನವಿಡೀ ಒಂದೇ ಸಮ. ಪೈಪೂ ನುಂಗುತ್ತದೆ: ಅರ್ಧ ಇಂಚಿನ ಪೈಪು 10 ಮೀಟರಿದ್ದರೆ ಅದರೊಳಗೇ ಒಂದರಿಂದ ಎರಡು ಲೀಟರಿನಷ್ಟು ನೀರು ನಿಂತು ಆರುತ್ತದೆ. ಗೀಸರನ್ನು ನಲ್ಲಿಗೆ ಹತ್ತಿರ ಕೂರಿಸುವುದೂ ಉಳಿತಾಯವೇ.

ಗ್ಯಾಸ್ ಗೀಸರ್ ಇರುವವರಿಗೆ ಇಷ್ಟು: ಅದು ಬಚ್ಚಲುಮನೆಯ ಒಳಗೆ ಇರಲೇಕೂಡದು. ಆಮ್ಲಜನಕ ಸಾಲದೆ ಉರಿದರೆ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕಿಟಕಿ ಒಂದು ಗೇಣು ತೆರೆದಿದೆ ಎಂಬುದು ಧೈರ್ಯಕ್ಕೆ ಸಾಲದು; ಎಕ್ಸಾಸ್ಟ್ ಫ್ಯಾನ್ ಕೆಲವೊಮ್ಮೆ ಹೊಗೆಯನ್ನು ಕೊಳವೆಯಿಂದ ಒಳಕ್ಕೇ ಎಳೆಯುತ್ತದೆ. ಜ್ವಾಲೆ ನೀಲಿ ಬಿಟ್ಟು ಹಳದಿಯಾದರೆ ನಿಲ್ಲಿಸಿ. ತಲೆ ಸುತ್ತಿದರೆ ಬಟ್ಟೆ ಹುಡುಕುತ್ತಾ ನಿಲ್ಲದೆ ಹೊರಗೆ ಬನ್ನಿ.

ಇನ್ನು ವರ್ಷಕ್ಕೊಮ್ಮೆಯ ಸರ್ವಿಸ್. ಮೇನ್ ಆರಿಸಿ, ಪ್ಲಗ್ ಕಿತ್ತು, ನೀರು ಆರಲು ಬಿಡಿ. ತಣ್ಣೀರಿನ ಸ್ಟಾಪ್ ಕಾಕ್ ಮುಚ್ಚಿ, ಬಿಸಿನೀರಿನ ನಲ್ಲಿ ತೆರೆಯಿರಿ. ಅಲ್ಲಿಂದ ಗಾಳಿ ಒಳಹೋಗದಿದ್ದರೆ ಟ್ಯಾಂಕ್ ಖಾಲಿಯಾಗದು. ವಾಲ್ವಿನ ಹಿಡಿಕೆ ಎತ್ತಿ ನೀರು ಇಳಿಸಿ. ಕಾಯಿಲ್ ಹೊರತೆಗೆಸಿ ಸುಣ್ಣ ಬಿಡಿಸುವಾಗ ಅದರ ಪಕ್ಕದ ಮೆಗ್ನೀಸಿಯಂ ಆನೋಡ್ ಕಡ್ಡಿಯನ್ನೂ ನೋಡಿ. ಟ್ಯಾಂಕಿನ ಉಕ್ಕಿಗೆ ತುಕ್ಕು ಹಿಡಿಯುವ ಬದಲು ತಾನೇ ಸವೆಯುವುದು ಅದರ ಕೆಲಸ. ಅರ್ಧಕ್ಕಿಂತ ತೆಳ್ಳಗಾಗಿದ್ದರೆ, ನಡುವಿನ ತಂತಿ ಕಾಣುತ್ತಿದ್ದರೆ ಹೊಸದು ಹಾಕಿಸಿ. ನೀರು ಸೋರದಂತೆ ನಡುವೆ ಕೂರಿಸುವ ಗ್ಯಾಸ್ಕೆಟ್ ಹಳೆಯದನ್ನೇ ಮತ್ತೆ ಹಾಕಲು ಬಿಡಬೇಡಿ.

ಮತ್ತೆ ತುಂಬಿಸುವಾಗ ಬಿಸಿನೀರಿನ ನಲ್ಲಿ ತೆರೆದೇ ಇರಲಿ. ಮೊದಲು ಗಾಳಿ ಬುಸ್ಸೆನ್ನುತ್ತದೆ, ಆಮೇಲೆ ನೀರು ಉಗುಳುತ್ತಾ ಬರುತ್ತದೆ, ಕೊನೆಗೆ ಒಂದೇ ಸಮ ಧಾರೆ ಕಟ್ಟುತ್ತದೆ. ಧಾರೆ ಕಟ್ಟಿದ ಮೇಲೇ ಸ್ವಿಚ್. ಖಾಲಿ ಟ್ಯಾಂಕಿನಲ್ಲಿ ಕಾಯಿಲ್ ಒಂದೆರಡು ನಿಮಿಷಕ್ಕೇ ಸುಟ್ಟುಹೋಗಬಹುದು. ನಲ್ಲಿ ಮುಚ್ಚಿ, ಹತ್ತು ಹದಿನೈದು ನಿಮಿಷ ಬಿಟ್ಟು ಕೆಳಗಿನ ಹಿತ್ತಾಳೆ ಮೂತಿಯನ್ನು ನೋಡಿ. ನೀರು ಪೂರ್ತಿ ಕಾದರೂ ಅಲ್ಲಿ ಹನಿ ಕಾಣದಿದ್ದರೆ, ಆರಿಸಿ ತಣ್ಣಗಾದ ಮೇಲೆ ಹಿಡಿಕೆ ಎತ್ತಿ ನೋಡಿ; ಆಗಲೂ ನೀರು ಬಾರದಿದ್ದರೆ ವಾಲ್ವ್ ಬದಲಿಸುವ ತನಕ ಗೀಸರ್ ಹಾಕಬೇಡಿ.