ಬ್ಯಾಕಪ್ ಆನ್ ಇದೆ ಸರಿ, ಅಕೌಂಟು ಯಾರದ್ದು?

ಎಲ್ಲರಿಗೂ ನಮಸ್ಕಾರ. ಮಂಡ್ಯದ ಬಿಸಿಲಲ್ಲಿ, ಅದೂ ಊಟ ಆದ ಮೇಲೆ, ಇಷ್ಟು ಜನ ಬಂದಿದ್ದೀರಿ. ಅಂದರೆ ಇಲ್ಲಿ ಅರ್ಧ ಜನರ ಫೋನು ಒಮ್ಮೆಯಾದರೂ ಕೈಕೊಟ್ಟಿದೆ ಅಂತಲೇ ಲೆಕ್ಕ. ಆಹ್ವಾನ ಪತ್ರಿಕೆಯಲ್ಲಿ ‘ಮೊಬೈಲ್ ಮತ್ತು ಟ್ಯಾಬ್‌ನಲ್ಲಿ ಕ್ಲೌಡ್ ಬ್ಯಾಕಪ್’ ಅಂತ ಹಾಕಿದ್ದಾರೆ. ಅಧ್ಯಕ್ಷರು ಅರ್ಧ ಗಂಟೆ ಕೊಟ್ಟಿದ್ದಾರೆ. ಆಮೇಲೆ ಕಾಫಿ. ಅದು ಆರಿಹೋಗುವ ತನಕ ಮಾತಾಡುವ ಧೈರ್ಯ ನನಗಿಲ್ಲ.

ಬ್ಯಾಕಪ್ ಅಂದರೆ ಏನು ಅಂತ ನಿಮಗೆ ಉದ್ದಕ್ಕೆ ಹೇಳಬೇಕಾಗಿಲ್ಲ. ಫೋನಿನಲ್ಲಿರುವುದರ ಇನ್ನೊಂದು ಪ್ರತಿ. ಅದು ಇಂಟರ್ನೆಟ್ ಮೂಲಕ ಹೋಗಿ ಗೂಗಲ್‌ನಂಥ ಕಂಪನಿಯ ಕಂಪ್ಯೂಟರಿನಲ್ಲಿ ಕೂತರೆ ಕ್ಲೌಡ್ ಬ್ಯಾಕಪ್. ಬಹಳ ಜನರ ಫೋನಿನಲ್ಲಿ ಅದು ಆಗಲೇ ಆನ್ ಆಗಿರುತ್ತದೆ. ಹೊಸ ಫೋನು ಶುರು ಮಾಡುವಾಗಲೇ ಅದು ಕೇಳುತ್ತದೆ. ನಾವು ಸುಮ್ನೆ ‘ಓಕೆ, ಓಕೆ’ ಒತ್ತಿಕೊಂಡು ಹೋಗಿರುತ್ತೇವೆ. ನನ್ನ ಪ್ರಶ್ನೆ ಬೇರೆ. ಆ ಬ್ಯಾಕಪ್ ಯಾರ ಅಕೌಂಟಿಗೆ ಹೋಗುತ್ತಿದೆ?

ನಿಮ್ಮ ಫೋನಿನಲ್ಲಿರುವ ಜಿಮೇಲ್ ವಿಳಾಸ ಬಾಯಿಗೆ ಬರುವವರು ಕೈ ಎತ್ತಿ ನೋಡೋಣ. ಪರವಾಗಿಲ್ಲವೇ! ಈಗ ಅದರ ಪಾಸ್‌ವರ್ಡೂ ಗೊತ್ತಿರುವವರು ಮಾತ್ರ ಕೈ ಹಾಗೇ ಇಡಿ. ಹೂಂ... ಇಷ್ಟೇನಾ? ಸರಿ, ನಾನು ಹೇಳಬೇಕು ಅಂತ ಬಂದ ವಿಷಯ ಇದೇ.

ಪಾಂಡವಪುರದ ಕಡೆ ನನಗೆ ಪರಿಚಯದವರೊಬ್ಬರು ಆಲೆಮನೆ ನಡೆಸುತ್ತಾರೆ. ಹೆಸರು ಬೇಡ, ನೆಂಟರು ಇಲ್ಲೇ ಕೂತಿರಬಹುದು. ಗಾಣದ ಸದ್ದಿಗೆ ರಿಂಗು ಕೇಳಿಸುವುದಿಲ್ಲ ಅಂತ ಅವರು ಫೋನನ್ನು ವೈಬ್ರೇಟ್‌ಗೆ ಹಾಕಿ ಅಂಗಿಯ ಮೇಲು ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಒಂದು ದಿನ ಪಾಕ ಹದಕ್ಕೆ ಬಂತಾ ಅಂತ ಕೊಪ್ಪರಿಗೆ ಮೇಲೆ ಬಗ್ಗಿದ್ದಾರೆ. ಅದೇ ಹೊತ್ತಿಗೆ ಜೇಬು ಗುರ್ ಅಂದಿದೆ. ಫೋನು ಜಾರಿ ನೇರ ಕೊಪ್ಪರಿಗೆಗೆ! ಕರೆ ಮಾಡಿದ್ದು ಹೆಂಡತಿ, ‘ಊಟಕ್ಕೆ ಬರ್ತೀರೋ ಇಲ್ವೋ’ ಅಂತ ಕೇಳೋಕೆ. ನೀರಿಗೆ ಬಿದ್ದ ಫೋನನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಡುವವರನ್ನು ನೋಡಿದ್ದೇನೆ. ಕುದಿಯುವ ಪಾಕಕ್ಕೆ ಬಿದ್ದದ್ದನ್ನು ಎಲ್ಲಿ ಹೂತಿಡುತ್ತೀರಿ? ಉದ್ದ ಹಿಡಿಯ ಸೌಟಿನಲ್ಲಿ ಎತ್ತಿದರಂತೆ. ಆ ಕೊಪ್ಪರಿಗೆ ಬೆಲ್ಲ ಏನಾಯಿತು ಅಂತ ನಾನು ಕೇಳಲಿಲ್ಲ. ನೀವೂ ಕೇಳಬೇಡಿ.

ಬೆಲ್ಲ ಬಿಡಿ. ಆ ಫೋನಿನಲ್ಲಿ ಏನೇನಿತ್ತು ಕೇಳಿ. ಕಬ್ಬು ಹಾಕಿದ ರೈತರ ತೂಕದ ಚೀಟಿಗಳ ಫೋಟೋ. ಯಾರಿಗೆ ಎಷ್ಟು ಅಡ್ವಾನ್ಸ್ ಕೊಟ್ಟಿದ್ದಾರೆ ಅನ್ನುವ ಲೆಕ್ಕ. ಮಂಡಿಯವರ ನಂಬರುಗಳು. ಮತ್ತೆ, ತೀರಿಕೊಂಡ ತಾಯಿಯ ಒಂದು ವಿಡಿಯೋ. ಮುದ್ದೆ ಕಟ್ಟುತ್ತಾ ಮೊಮ್ಮಗನನ್ನು ಬೈಯುವ ವಿಡಿಯೋ. ಆ ಅಜ್ಜಿಯ ದನಿ ಇರುವುದು ಅದೊಂದರಲ್ಲೇ.

ಹೊಸ ಫೋನು ಹಿಡಿದುಕೊಂಡು ನನ್ನ ಹತ್ತಿರ ಬಂದರು. ಮುಖದಲ್ಲಿ ಚಿಂತೆಯೇ ಇಲ್ಲ. “ಮೇಷ್ಟ್ರೇ, ಬ್ಯಾಕಪ್ ಆನ್ ಇತ್ತು. ಫೋಟೋ ಎಲ್ಲಾ ಮೇಲೆ ಹೋಗಿದೆ ಅಂತ ತೋರಿಸ್ತಿತ್ತು” ಅಂದರು. ನನಗೂ ಖುಷಿಯಾಯಿತು. “ಹಾಗಾದ್ರೆ ಐದು ನಿಮಿಷದ ಕೆಲಸ. ಮೇಲ್ ಐಡಿ ಹೇಳಿ” ಅಂದೆ. “ಯಾವ ಮೇಲು? ಅದ್ನೆಲ್ಲಾ ಅಂಗಡಿ ಹುಡುಗ್ನೇ ಮಾಡ್ಕೊಟ್ಟಿದ್ದ” ಅಂದರು. ಅಂಗಡಿಗೆ ಹೋದರೆ ಆ ಹುಡುಗ ಕೆಲಸ ಬಿಟ್ಟು ಬೆಂಗಳೂರು ಸೇರಿದ್ದ. ಮರೆತ ಅಕೌಂಟನ್ನು ಹುಡುಕಲು ಗೂಗಲ್‌ನಲ್ಲಿ ದಾರಿ ಇದೆ. ರಿಕವರಿಗೆ, ಅಂದರೆ ಅಕೌಂಟು ವಾಪಸ್ ಪಡೆಯುವುದಕ್ಕೆ ಅಂತ ಕೊಟ್ಟ ಫೋನ್ ನಂಬರು, ಅಕೌಂಟಿಗೆ ಕೊಟ್ಟ ಹೆಸರು ಎರಡನ್ನೂ ಹಾಕಬೇಕು. ಇವರ ನಂಬರು ಹಾಕಿದೆವು, ಹೆಸರನ್ನು ಬರೆಯಬಹುದಾದ ರೀತಿಯಲ್ಲೆಲ್ಲಾ ಬರೆದೆವು. ಸಿಗಲಿಲ್ಲ. ಹುಡುಗ ಯಾವ ನಂಬರು ಕೊಟ್ಟಿದ್ದನೋ, ಯಾವ ಹೆಸರು ಹಾಕಿದ್ದನೋ.

ಈಗ ಯೋಚನೆ ಮಾಡಿ. ಆ ವಿಡಿಯೋ ಕಳೆದುಹೋಗಿಲ್ಲ. ಯಾವುದೋ ದೇಶದ ಕಂಪ್ಯೂಟರಿನಲ್ಲಿ ಭದ್ರವಾಗಿದೆ. ಬೀಗ ಇವರದ್ದಲ್ಲ, ಅಷ್ಟೇ. ಅಲ್ಲೂ ಶಾಶ್ವತವಾಗಿ ಇರುವುದಿಲ್ಲ. ಎರಡು ವರ್ಷ ಯಾರೂ ಮುಟ್ಟದ ಅಕೌಂಟನ್ನು ಗೂಗಲ್ ಅಳಿಸಬಹುದು. 2023ರ ಡಿಸೆಂಬರ್‌ನಿಂದ ಆ ನಿಯಮ ಜಾರಿಯಲ್ಲಿದೆ.

ಮೈಸೂರಿನ ಓರಿಯಂಟಲ್ ಲೈಬ್ರರಿ ವಿಷಯ ನಿಮಗೆಲ್ಲಾ ಗೊತ್ತು. ಕೌಟಿಲ್ಯನ ಅರ್ಥಶಾಸ್ತ್ರ ಇತ್ತು ಅಂತ ವಿದ್ವಾಂಸರಿಗೆ ತಿಳಿದಿತ್ತು. ಹಳೆಯ ಗ್ರಂಥಗಳಲ್ಲಿ ಅದರ ಮಾತುಗಳು ಬರುತ್ತಿದ್ದವು. ಆದರೆ ಪೂರ್ತಿ ಪ್ರತಿ ಅವರ ಕೈಗೆ ಸಿಕ್ಕಿರಲಿಲ್ಲ. ತಂಜಾವೂರು ಕಡೆಯ ಪಂಡಿತರೊಬ್ಬರು ತಂದುಕೊಟ್ಟ ತಾಳೆಗರಿಯ ಕಟ್ಟನ್ನು 1905ರಲ್ಲಿ ಆ ಲೈಬ್ರರಿಯ ಶಾಮಶಾಸ್ತ್ರಿಗಳು ಗುರುತಿಸಿದರು, 1909ರಲ್ಲಿ ಅಚ್ಚು ಹಾಕಿಸಿದರು. ಪುಸ್ತಕ ಅಲ್ಲಿಯವರೆಗೂ ಇತ್ತು, ಆದರೆ ಓದಬೇಕಾದವರಿಗೆ ಸಿಗುತ್ತಿರಲಿಲ್ಲ. ನಮ್ಮ ಆಲೆಮನೆಯವರ ಕಷ್ಟವೂ ಅದೇ. ಅವರಿಗೆ ಯಾವ ಪಂಡಿತರೂ ಬಂದು ತಂದುಕೊಡುವುದಿಲ್ಲ.

ಸರಿ, ಕೆಲಸಕ್ಕೆ ಬರೋಣ. ಆಂಡ್ರಾಯ್ಡ್ ಫೋನಾದರೆ ಸೆಟ್ಟಿಂಗ್ಸ್‌ಗೆ ಹೋಗಿ, ‘ಗೂಗಲ್’ ಒತ್ತಿ, ಅದರೊಳಗೆ ‘ಬ್ಯಾಕಪ್’. ಕೆಲವು ಕಂಪನಿಯವರು ಬೇರೆ ಕಡೆ ಅಡಗಿಸಿಟ್ಟಿರುತ್ತಾರೆ. ಆಗ ಸೆಟ್ಟಿಂಗ್ಸ್‌ನ ಹುಡುಕುವ ಜಾಗದಲ್ಲಿ ಬ್ಯಾಕಪ್ ಅಂತ ಟೈಪ್ ಮಾಡಿ. ಅಲ್ಲಿ ಒಂದು ಜಿಮೇಲ್ ವಿಳಾಸ ಕಾಣುತ್ತದೆ. ಬೇರೇನೂ ಒತ್ತುವ ಮೊದಲು ಅದನ್ನು ಜೋರಾಗಿ ಓದಿ. ಅದು ನಿಮ್ಮದಾ? ಮಗನದ್ದಾ? ಅಂಗಡಿ ಹುಡುಗನದ್ದಾ?

ಇಲ್ಲಿಂದ ಹೋಗುವುದು ಎಸ್ಸೆಮ್ಮೆಸ್ಸು, ಕರೆಗಳ ಪಟ್ಟಿ, ಆಪ್‌ಗಳ ಮಾಹಿತಿ, ಸೆಟ್ಟಿಂಗ್ಸು. ಫೋಟೋಗೆ ಗೂಗಲ್ ಫೋಟೋಸ್ ಆಪ್‌ನೊಳಗೆ ಬೇರೆಯದೇ ಬ್ಯಾಕಪ್ ಗುಂಡಿ ಇದೆ. ವಾಟ್ಸಾಪ್‌ಗೆ ಮತ್ತೊಂದು. ಅದರ ಸೆಟ್ಟಿಂಗ್ಸ್‌ನಲ್ಲಿ ‘ಚಾಟ್ಸ್’, ಅಲ್ಲಿ ‘ಚಾಟ್ ಬ್ಯಾಕಪ್’. ಒಂದು ಆನ್ ಮಾಡಿದರೆ ಇನ್ನೊಂದು ತಾನಾಗಿ ಆಗುವುದಿಲ್ಲ. ಅದಕ್ಕಿಂತ ತಮಾಷೆ ಅಂದರೆ, ಮೂರೂ ಮೂರು ಅಕೌಂಟಿಗೆ ಹೋಗುತ್ತಿರಬಹುದು. ಅಪ್ಪನ ಫೋಟೋಗಳೆಲ್ಲಾ ಅಮೆರಿಕದಲ್ಲಿರುವ ಮಗನ ಅಕೌಂಟಿಗೆ ಹೋಗುತ್ತಿದ್ದ ಮನೆ ನೋಡಿದ್ದೇನೆ. ನಂಬರುಗಳನ್ನೂ ನೋಡಿಕೊಳ್ಳಿ. ಸಿಮ್‌ನಲ್ಲಿ ಸೇವ್ ಮಾಡಿದರೆ ಸಿಮ್ ಜೊತೆ ಹೋಗುತ್ತವೆ. ಗೂಗಲ್ ಅಕೌಂಟಿನಲ್ಲಿ ಸೇವ್ ಮಾಡಿ.

ಜಾಗದ ವಿಷಯ. ಗೂಗಲ್ ಪುಕ್ಕಟೆ ಕೊಡುವುದು 15 ಜಿಬಿ. ಮೇಲ್, ಡ್ರೈವ್, ಫೋಟೋ ಎಲ್ಲಕ್ಕೂ ಸೇರಿ ಅಷ್ಟೇ. ಮೊದಲು ಸ್ವಲ್ಪ ಗಾತ್ರ ಇಳಿಸಿದ ಫೋಟೋಗಳು ಈ ಲೆಕ್ಕಕ್ಕೇ ಬರುತ್ತಿರಲಿಲ್ಲ. 2021ರ ಜೂನ್ 1ರಿಂದ ಅದು ನಿಂತಿತು. ಈಗ ಆಂಡ್ರಾಯ್ಡ್‌ನ ವಾಟ್ಸಾಪ್ ಬ್ಯಾಕಪ್ಪೂ ಅದೇ 15ರಲ್ಲಿ ಸೇರುತ್ತದೆ. ಇನ್ನು ನಮ್ಮ ವಾಟ್ಸಾಪ್‌ನಲ್ಲಿ ಏನಿದೆ? ಬೆಳಗಾದರೆ ಗುಲಾಬಿ ಹೂವಿನ ಮೇಲೆ ‘ಶುಭೋದಯ’. ಕಳಿಸುವವರು ಇಲ್ಲೇ ಮುಂದಿನ ಸಾಲಿನಲ್ಲಿದ್ದಾರೆ, ನಾನು ಬೆರಳು ತೋರಿಸುವುದಿಲ್ಲ. ಜಾಗ ತುಂಬಿದರೆ ಬ್ಯಾಕಪ್ ನಿಲ್ಲುತ್ತದೆ, ಮೇಲ್ ಕೂಡ ಬರುವುದಿಲ್ಲ. ದುಡ್ಡು ಕೊಟ್ಟು ಜಾಸ್ತಿ ಜಾಗ ತಗೊಳ್ಳಬಹುದು. ಅದಕ್ಕೆ ಮೊದಲು ವಾಟ್ಸಾಪ್‌ನ ‘ಮ್ಯಾನೇಜ್ ಸ್ಟೋರೇಜ್’ಗೆ ಹೋಗಿ ದೊಡ್ಡ ದೊಡ್ಡ ವಿಡಿಯೋ ಗುಡಿಸಿ.

ಟ್ಯಾಬ್ ಇರುವವರಿಗೆ ಒಂದು ಎಚ್ಚರಿಕೆ. ಮೊಮ್ಮಗು ಆಡುವ ಟ್ಯಾಬ್‌ನಲ್ಲೂ ನಿಮ್ಮದೇ ಅಕೌಂಟು ಹಾಕಿರುತ್ತೀರಿ. ಮಗು ಗೂಗಲ್ ಫೋಟೋಸ್‌ನಲ್ಲಿ ಫೋಟೋ ಅಳಿಸಿದರೆ ಕ್ಲೌಡ್‌ನಲ್ಲಿರುವ ಪ್ರತಿಯೂ ಹೋಗುತ್ತದೆ. ಬ್ಯಾಕಪ್ ಆದ ಫೋಟೋ 60 ದಿನ ಕಸದ ಬುಟ್ಟಿಯಲ್ಲಿರುತ್ತದೆ, ಅಷ್ಟರೊಳಗೆ ವಾಪಸ್ ತೆಗೆದುಕೊಳ್ಳಬಹುದು. ಫೋನು ಖಾಲಿ ಮಾಡಬೇಕಾದರೆ ‘ಫ್ರೀ ಅಪ್ ಸ್ಪೇಸ್’ ಅನ್ನುವುದನ್ನು ಬಳಸಿ. ಅದು ಮೇಲೆ ಹೋಗಿರುವುದನ್ನು ಮಾತ್ರ ಫೋನಿನಿಂದ ತೆಗೆಯುತ್ತದೆ.

ಈಗ ಮತ್ತೆ ನನ್ನ ಹಳೇ ರಾಗ. ಒಂದು ನೋಟ್‌ಬುಕ್ ತಗೊಳ್ಳಿ. ಜಿಮೇಲ್ ವಿಳಾಸ, ಪಾಸ್‌ವರ್ಡ್, ರಿಕವರಿ ನಂಬರು ಬರೆಯಿರಿ. ಬೀರುವಿನಲ್ಲಿ ಪಾಸ್‌ಬುಕ್ ಪಕ್ಕ ಇಡಿ. ಪಾಸ್‌ವರ್ಡ್ ಬರೆದಿಡಬಾರದು ಅಂತ ಕಂಪ್ಯೂಟರ್ ಓದಿದ ಹುಡುಗರು ಜಗಳಕ್ಕೆ ಬರುತ್ತಾರೆ. ಬರಲಿ. ಮನೆಗೆ ನುಗ್ಗಿದ ಕಳ್ಳ ಒಡವೆ ಹುಡುಕುತ್ತಾನೆ, ನಿಮ್ಮ ನೋಟ್‌ಬುಕ್ ಓದುತ್ತಾ ಕೂರುವುದಿಲ್ಲ. ಆದರೆ ಆ ಪುಟದ ಫೋಟೋ ತೆಗೆದು ಫೋನಿನಲ್ಲೇ ಇಟ್ಟುಕೊಳ್ಳಬೇಡಿ ಮಾರಾಯ್ರೆ!

ಫೋನು ಕಳೆದಾಗ ಓಟಿಪಿ ಬರುವುದೂ ಆ ಫೋನಿಗೇ, ಅಲ್ವಾ? ಎರಡು ಹಂತದ ಪರಿಶೀಲನೆ, ಅಂದರೆ ಪಾಸ್‌ವರ್ಡ್ ಆದ ಮೇಲೆ ಓಟಿಪಿಯಂಥ ಇನ್ನೊಂದು ಗುರುತನ್ನೂ ಕೇಳುವ ವ್ಯವಸ್ಥೆ ಹಾಕಿಕೊಂಡವರಿಗೆ, ಓಟಿಪಿ ಬದಲು ಹಾಕಲು ಗೂಗಲ್ 10 ಬ್ಯಾಕಪ್ ಕೋಡ್ ಕೊಡುತ್ತದೆ, ಒಂದೊಂದೂ 8 ಅಂಕಿ. ಅವನ್ನೂ ಅದೇ ನೋಟ್‌ಬುಕ್ಕಿಗೆ ಇಳಿಸಿ. ವಾಟ್ಸಾಪ್ ಬ್ಯಾಕಪ್‌ಗೆ ಎನ್‌ಕ್ರಿಪ್ಷನ್ ಅಂತ ಬೀಗ ಹಾಕಬಹುದು. ಅದಕ್ಕೆ ಪಾಸ್‌ವರ್ಡ್ ಇಡಬಹುದು, ಇಲ್ಲವೇ 64 ಅಕ್ಷರದ ಕೀ. ಅದು ಕಳೆದರೆ ವಾಟ್ಸಾಪ್‌ನವರಿಂದಲೂ ತೆರೆಯಲು ಆಗುವುದಿಲ್ಲ. ಬರೆದಿಡುವ ಅಭ್ಯಾಸ ಇಲ್ಲದವರು ಅದರ ತಂಟೆಗೆ ಹೋಗಬೇಡಿ ಅಂತ ನನ್ನ ಅಭಿಪ್ರಾಯ.

ಅಧ್ಯಕ್ಷರಿಂದ ಚೀಟಿ ಬಂತು. ಐಫೋನ್ ಬಗ್ಗೆ ಕಾಲು ಗಂಟೆ ಹೇಳಬೇಕು ಅಂತಿದ್ದೆ, ಎರಡು ಮಾತಿನಲ್ಲಿ ಮುಗಿಸುತ್ತೇನೆ. ಸೆಟ್ಟಿಂಗ್ಸ್, ಮೇಲೆ ನಿಮ್ಮ ಹೆಸರು, ಐಕ್ಲೌಡ್, ಐಕ್ಲೌಡ್ ಬ್ಯಾಕಪ್. ಪುಕ್ಕಟೆ 5 ಜಿಬಿ. ರಾತ್ರಿ ವೈಫೈ ಆನ್ ಇಟ್ಟು ಚಾರ್ಜಿಗೆ ಹಾಕಿ ಮಲಗಿ. ಐಪ್ಯಾಡ್‌ನಲ್ಲೂ ಹಾಗೇ. ಕಳುವಾದ ಫೋನನ್ನು ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ಬ್ಲಾಕ್ ಮಾಡಿಸುವುದು ಹೇಗೆ ಅಂತ ಇನ್ನೊಮ್ಮೆ ಹೇಳುತ್ತೇನೆ. ‘ನಿಮ್ಮ ಕ್ಲೌಡ್ ತುಂಬಿದೆ, ಈ ಲಿಂಕ್ ಒತ್ತಿ’ ಅಂತ ಬಂದರೆ ಒತ್ತಬೇಡಿ. ಒತ್ತಿ ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಇವತ್ತು ರಾತ್ರಿ ಒಂದು ಪರೀಕ್ಷೆ ಮಾಡಿ. ಮನೆಯವರ ಲ್ಯಾಪ್‌ಟಾಪಿನಲ್ಲಿ ನಿಮ್ಮ ಜಿಮೇಲ್ ಹಾಕಿ, ನೀವೇ ಪಾಸ್‌ವರ್ಡ್ ಹೊಡೆದು ಗೂಗಲ್ ಫೋಟೋಸ್ ತೆರೆಯಿರಿ. ಹೋದ ವಾರದ ಫೋಟೋ ಅಲ್ಲಿ ಕಂಡರೆ ನಿಮ್ಮ ಕೆಲಸ ಆಯಿತು. ನೋಡಿ ಆದ ಮೇಲೆ ಲಾಗೌಟ್ ಮಾಡಿ. ಪಾಸ್‌ವರ್ಡ್ ಗೊತ್ತಿಲ್ಲದವರು ಈಗಲೇ, ಫೋನು ಕೈಯಲ್ಲಿ ಸರಿಯಾಗಿರುವಾಗಲೇ ಬದಲಾಯಿಸಿಕೊಳ್ಳಬೇಕು. ಕಾಫಿ ತಗೊಂಡು ಈ ಬಲಗಡೆ ಮೇಜಿಗೆ ಬನ್ನಿ, ಕೂತು ಮಾಡೋಣ. ಪೆನ್ನು ನನ್ನ ಹತ್ತಿರ ಇದೆ, ನೋಟ್‌ಬುಕ್ ಮಾತ್ರ ನೀವೇ ತರಬೇಕು.