ಹದಿನೆಂಟು ಲೀಟರಿನ ಪೆಟ್ಟಿಗೆಗೆ ನೀರು ಕಟ್ಟುವುದು

ಎಲ್ಲರಿಗೂ ನಮಸ್ಕಾರ.

ಮೇಜಿನ ಮೇಲೆ ಎರಡು ಸಾಮಾನು ಇಟ್ಟಿದ್ದೇನೆ. ಒಂದು, ನಾನು ದಿನಾ ಕೆಲಸ ಮಾಡುವ ಕಂಪ್ಯೂಟರು, ಇದನ್ನು ತಣ್ಣಗಿಡುವುದು ಒಳಗೆ ಸುತ್ತುವ ನೀರು. ಇನ್ನೊಂದು, ಅದರೊಳಗೆ ಹೋಗಬೇಕಾಗಿದ್ದು ಹೋಗದೇ ಉಳಿದ ರೇಡಿಯೇಟರು, ಅಂದರೆ ನೀರಿನ ಬಿಸಿಯನ್ನು ಗಾಳಿಗೆ ಬಿಡುವ ಭಾಗ. ಬರೀ ಆರು ಮಿಲಿಮೀಟರು ಜಾಸ್ತಿಯಾಯಿತು. ಮಾರಿದವರ ತಪ್ಪೇನಿಲ್ಲ, ಅಳತೆ ನೋಡದೆ ಕೊಂಡವನು ನಾನು. ಇದರ ಹೆಸರು 240. ಹಾಗಾದರೆ ಉದ್ದ 240 ಮಿ.ಮೀ. ಇರಬೇಕು ಅಂದುಕೊಂಡೆ. ಆ 240 ರೇಡಿಯೇಟರಿನ ಉದ್ದ ಅಲ್ಲ, 120 ಮಿ.ಮೀ.ನ ಎರಡು ಫ್ಯಾನು ಇದರ ಮೇಲೆ ಕೂರುತ್ತವೆ ಅಂತ ಅಷ್ಟೇ ಅರ್ಥ. ಎರಡೂ ತುದಿಯಲ್ಲಿ ನೀರು ತಿರುಗಿಕೊಳ್ಳುವ ಪುಟ್ಟ ತೊಟ್ಟಿಗಳಿವೆ, ನೋಡಿ. ಅವನ್ನೂ ಸೇರಿಸಿದರೆ 270ರಿಂದ 285 ಮಿ.ಮೀ.ವರೆಗೆ ಹೋಗುತ್ತದೆ, ಒಂದೊಂದು ಕಂಪನಿಯದು ಒಂದೊಂದು ಅಳತೆ. ದೊಡ್ಡ ಕ್ಯಾಬಿನೆಟ್ಟಿನಲ್ಲಿ ಈ ವ್ಯತ್ಯಾಸ ಯಾರಿಗೂ ಗೊತ್ತಾಗುವುದಿಲ್ಲ. ಚಿಕ್ಕದರಲ್ಲಿ ಇದೇ ಇಡೀ ಕೆಲಸವನ್ನು ಕೆಡಿಸುತ್ತದೆ.

ಚಿಕ್ಕದು ಅಂದರೆ ಎಷ್ಟು ಚಿಕ್ಕದು? ಇಲ್ಲಿರುವುದು ಕೂಲರ್ ಮಾಸ್ಟರ್ ಕಂಪನಿಯ ಎನ್‌ಆರ್200ಪಿ, 2020ರಲ್ಲಿ ಬಂದ ಪೆಟ್ಟಿಗೆ. ಒಳಗಿನ ಜಾಗ ಸುಮಾರು 18 ಲೀಟರು. ನಮ್ಮ ಕುಡಿಯುವ ನೀರಿನ 20 ಲೀಟರ್ ಕ್ಯಾನಿಗಿಂತ ಸ್ವಲ್ಪ ಕಡಿಮೆ. ಚಿಕ್ಕ ಕಂಪ್ಯೂಟರು ಕಟ್ಟುವ ಹವ್ಯಾಸದವರಿಗೆ ಇದೂ ದೊಡ್ಡದೇ. ಡ್ಯಾನ್ ಎ4 ಅನ್ನುವ ಪೆಟ್ಟಿಗೆ 7.2 ಲೀಟರು. ನನ್ನದರ ಒಳಗೆ ಮಿನಿ ಐಟಿಎಕ್ಸ್ ಮದರ್‌ಬೋರ್ಡು, 17 ಸೆಂಟಿಮೀಟರಿಗೆ 17 ಸೆಂಟಿಮೀಟರು. 2001ರಲ್ಲಿ ವಯಾ ಕಂಪನಿ ತಂದ ಅಳತೆ ಇದು, ಇವತ್ತಿಗೂ ಒಂದು ಮಿಲಿಮೀಟರು ಬದಲಾಗಿಲ್ಲ. ಪ್ರೊಸೆಸರು ರೈಜನ್ 7 7800ಎಕ್ಸ್3ಡಿ, ಗ್ರಾಫಿಕ್ಸ್ ಕಾರ್ಡು ಆರ್‌ಟಿಎಕ್ಸ್ 4080.

ಎಲ್ಲರೂ ಕೇಳುವ ಮೊದಲ ಪ್ರಶ್ನೆ, ಇದಕ್ಕೆ ನೀರು ಯಾಕೆ ಬೇಕಿತ್ತು? ತಂಪಿಗೆ ಅಂತ ಹೇಳಿದರೆ ಅರ್ಧ ಸುಳ್ಳು. ನಾನು ನೀರಿಗೆ ಹೋಗಿದ್ದು ಜಾಗಕ್ಕಾಗಿ. ಎನ್‌ವಿಡಿಯಾ ತಾನೇ ಮಾಡಿ ಮಾರುತ್ತಿದ್ದ 4080 ಕಾರ್ಡು 304 ಮಿ.ಮೀ. ಉದ್ದ, 137 ಅಗಲ, 61 ದಪ್ಪ. ಗುಣಿಸಿ ನೋಡಿ, ಎರಡೂವರೆ ಲೀಟರು. ಅದರಲ್ಲಿ ಚಿಪ್ಪು, ಬೋರ್ಡು ಎಲ್ಲ ಸೇರಿ ಒಂದು ನೋಟ್‌ಬುಕ್ಕಿನಷ್ಟು. ಉಳಿದದ್ದೆಲ್ಲ ಅಲ್ಯೂಮಿನಿಯಂ ರೆಕ್ಕೆ ಮತ್ತು ಫ್ಯಾನು. ಅದನ್ನು ಕಳಚಿ ಒಳಗೆ ನೀರು ಹರಿಯುವ ತೆಳ್ಳಗಿನ ತಾಮ್ರದ ಬ್ಲಾಕು ಕೂರಿಸಿದರೆ ಕಾರ್ಡಿನ ಹೊಟ್ಟೆ ಕರಗುತ್ತದೆ, ಆ ಜಾಗ ನಮ್ಮ ಕೈಗೆ ಬರುತ್ತದೆ. ಆದರೆ ಬಿಸಿ ಎಲ್ಲಿಗೂ ಹೋಗಲಿಲ್ಲ. ಅದನ್ನು ನೀರು ಹೊತ್ತು ಪೆಟ್ಟಿಗೆಯ ಗೋಡೆಯ ಹತ್ತಿರ ತಂದು ಇಳಿಸುತ್ತದೆ. ಅಲ್ಲಿಂದಾಚೆಗೆ ಹೊರುವುದು ಮತ್ತೆ ಗಾಳಿಯೇ.

ಹೊಲಕ್ಕೆ ನೀರು ಕಟ್ಟಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಕಾಲುವೆ ಎಷ್ಟೇ ಚೆನ್ನಾಗಿದ್ದರೂ ಕೊನೆಯ ಮಡಿಯಿಂದ ನೀರು ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಬೆಳೆ ಕೊಳೆಯುತ್ತದೆ. ವಾಟರ್ ಕೂಲಿಂಗಿನಲ್ಲಿ ಜನ ಕಾಲುವೆಯನ್ನೇ ನೋಡುತ್ತಾರೆ. ಬಣ್ಣದ ನೀರು, ಹೊಳೆಯುವ ಟ್ಯೂಬು, ಟ್ಯೂಬು ಜೋಡಿಸುವ ಚಂದ ಚಂದದ ಫಿಟ್ಟಿಂಗು. ನಾನು ಇವತ್ತು ಹೇಳಬೇಕು ಅಂತ ಬಂದಿರುವುದು ಗಾಳಿಯ ಲೆಕ್ಕ.

ಸ್ವಲ್ಪ ಗಣಿತ ಮಾಡೋಣ, ಹೈಸ್ಕೂಲಿನದೇ. ಆಟ ಆಡುವಾಗ ಕಾರ್ಡು 320 ವಾಟ್, ಪ್ರೊಸೆಸರು 80 ವಾಟ್ ಅಂತಿಟ್ಟುಕೊಳ್ಳಿ, ಒಟ್ಟು 400. ಒಂದು ಕಿಲೋ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 4,186 ಜೂಲ್ ಬೇಕು. ನಿಮಿಷಕ್ಕೆ ಮೂರು ಲೀಟರು ಹರಿಯುವ ಲೂಪಿನಲ್ಲಿ, ಅಂದರೆ ನೀರು ಸುತ್ತುವ ದಾರಿಯಲ್ಲಿ, 400 ವಾಟ್ ಹಾಕಿದರೆ ನೀರು ಒಂದು ಸುತ್ತಿಗೆ ಏರುವುದು ಎರಡು ಡಿಗ್ರಿಗೂ ಕಡಿಮೆ. ಹರಿವು ಸೋತು ನಿಮಿಷಕ್ಕೆ ಒಂದೇ ಲೀಟರಿಗೆ ಇಳಿದರೂ ಆರು ಡಿಗ್ರಿ ದಾಟುವುದಿಲ್ಲ. ಹಾಗಾಗಿ ಮೊದಲು ಪ್ರೊಸೆಸರಿಗೋ ಮೊದಲು ಕಾರ್ಡಿಗೋ, ನಡುವೆ ಒಂದು ರೇಡಿಯೇಟರು ಹಾಕಬೇಕೋ ಬೇಡವೋ ಅನ್ನುವ ಜಗಳಕ್ಕೆ ಹೆಚ್ಚು ಅರ್ಥವಿಲ್ಲ. ಟ್ಯೂಬು ಎಲ್ಲಿ ಸಲೀಸಾಗಿ ಹೋಗುತ್ತದೋ ಹಾಗೆ ಕಟ್ಟಿ. ಒಂದೇ ನಿಯಮ: ರೆಸರ್ವಾಯರು, ಅಂದರೆ ನೀರು ತುಂಬಿಡುವ ತೊಟ್ಟಿ, ಪಂಪಿಗಿಂತ ಮುಂಚೆ, ಪಂಪಿಗಿಂತ ಎತ್ತರದಲ್ಲಿ ಇರಬೇಕು. ಒಣ ಪಂಪು ಓಡಿಸಿದರೆ ಸತ್ತಿತು ಅಂತಲೇ ಲೆಕ್ಕ. ಅದನ್ನು ತಣ್ಣಗಿಡುವುದೂ, ಅದಕ್ಕೆ ಜಿಡ್ಡಿನ ಹಾಗೆ ಒದಗುವುದೂ ಆ ನೀರೇ.

ಈಗ ಗಾಳಿ. ಅದೇ 400 ವಾಟನ್ನು ಗಾಳಿ ಹತ್ತು ಡಿಗ್ರಿ ಏರಿಕೆಯಲ್ಲಿ ಹೊತ್ತೊಯ್ಯಬೇಕಾದರೆ ಸೆಕೆಂಡಿಗೆ ಸುಮಾರು 38 ಲೀಟರು ಗಾಳಿ ಬೇಕು. ಅಂದರೆ ಈ ಪೆಟ್ಟಿಗೆಯ ಒಳಗಿನ ಗಾಳಿಯೆಲ್ಲ ಪ್ರತಿ ಸೆಕೆಂಡಿಗೆ ಎರಡು ಸಲ ಬದಲಾಗಬೇಕು! ಈ ಲೆಕ್ಕ ಮಾಡಿದ್ದು ಬೆಂಗಳೂರಿನ ಗಾಳಿಗೆ. ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿದ್ದೇವೆ, ಗಾಳಿ ಮಂಗಳೂರಿಗಿಂತ ಸುಮಾರು ಹತ್ತನೇ ಒಂದು ಪಾಲು ತೆಳು. ಫ್ಯಾನು ಅಷ್ಟೇ ಸುತ್ತಿದರೂ ಹೊರುವ ಬಿಸಿ ಅಷ್ಟರಮಟ್ಟಿಗೆ ಕಡಿಮೆ. ಬೆಂಗಳೂರಿನ ತಂಪು ಹವೆ ಆ ಸಾಲವನ್ನು ತೀರಿಸಿಬಿಡುತ್ತದೆ, ಅದು ಬೇರೆ ಮಾತು.

ಈ ಕಸುಬಿನಲ್ಲಿ ಒಂದು ಅಡ್ಡಲೆಕ್ಕ ಇದೆ. 120ರ ಒಂದು ಫ್ಯಾನಿನಷ್ಟು ರೇಡಿಯೇಟರು, ಕಿವಿಗೆ ಹಿಂಸೆಯಾಗದ ವೇಗದಲ್ಲಿ, ನೀರು ಕೋಣೆಗಿಂತ ಹತ್ತು ಡಿಗ್ರಿ ಬಿಸಿ ಇದ್ದಾಗ, ಸುಮಾರು 100 ವಾಟ್ ಹೊರಹಾಕುತ್ತದೆ. ಕರಾರುವಾಕ್ಕಲ್ಲ, ಯೋಜನೆ ಹಾಕಲು ಸಾಕು. ನನ್ನ 400ಕ್ಕೆ ನಾಲ್ಕು ಫ್ಯಾನು, ಅಂದರೆ ಎರಡು 240: ಒಂದು ಬದಿಗೆ, ಒಂದು ತಳಕ್ಕೆ. ಒಂದೇ 240 ಹಾಕಿದ್ದರೆ ಹತ್ತು ಡಿಗ್ರಿಯ ಬದಲು ಇಪ್ಪತ್ತು ಆಗುತ್ತಿತ್ತು.

ಇಪ್ಪತ್ತಾದರೆ ಏನಾಯಿತು ಅನ್ನಬಹುದು. ಬೆಂಗಳೂರಿನ 28 ಡಿಗ್ರಿಯ ಕೋಣೆಯಲ್ಲಿ ನೀರು 48, ನಡೆದೀತು. ಇದೇ ಪೆಟ್ಟಿಗೆಯನ್ನು ಮೇ ತಿಂಗಳಲ್ಲಿ ಕಲಬುರಗಿಗೆ ಒಯ್ದು 41 ಡಿಗ್ರಿಯ ಕೋಣೆಯಲ್ಲಿ ಇಡಿ. ನೀರು 61. ನಾವು ಬಳಸುವ ಪಂಪುಗಳಿಗೆ ಸಾಮಾನ್ಯವಾಗಿ 60 ಡಿಗ್ರಿ ಮಿತಿ. ಪಾರದರ್ಶಕವಾಗಿ ಹೊಳೆಯುವ ಪಿಇಟಿಜಿ ಪ್ಲಾಸ್ಟಿಕ್ಕಿನ ಗಟ್ಟಿ ಟ್ಯೂಬೂ ಆ ಹೊತ್ತಿಗೆ ಮೆತ್ತಗಾಗಲು ಶುರುವಾಗುತ್ತದೆ, ಫಿಟ್ಟಿಂಗಿನ ಹಿಡಿತ ಸಡಿಲುತ್ತದೆ. ಯೂರೋಪಿನ ಚಳಿಯಲ್ಲಿ ಕೂತವರು ಮಾಡಿ ತೋರಿಸಿದ್ದನ್ನು ಬಿಸಿಲುನಾಡಿನಲ್ಲಿ ಹಾಗೇ ನಕಲು ಮಾಡಬೇಡಿ ಅನ್ನುವುದು ಇದಕ್ಕೇ. ಮೊದಲು ನಿಮ್ಮ ಕೋಣೆಯ ಏಪ್ರಿಲ್ ಮಧ್ಯಾಹ್ನದ ಉಷ್ಣತೆ ಬರೆದುಕೊಳ್ಳಿ. ಅದಕ್ಕೆ ಹತ್ತು, ಹದಿನೈದು, ಇಪ್ಪತ್ತು ಕೂಡಿಸಿ ನೋಡಿ. ಆಮೇಲೆ ಪೆಟ್ಟಿಗೆ ಹುಡುಕಿ.

ನೀರು ಕೋಣೆಗಿಂತ ತಣ್ಣಗಾಗುವುದಿಲ್ಲವಾ ಅಂತ ಕೆಲವರು ಕೇಳುತ್ತಾರೆ. ಇಲ್ಲ, ಆಗುವುದೇ ಇಲ್ಲ. ಇದು ಫ್ರಿಜ್ಜಲ್ಲ. ಆದ್ದರಿಂದ ಕರಾವಳಿಯವರು ಇಬ್ಬನಿ ಕಟ್ಟೀತು ಅಂತ ಹೆದರಬೇಕಿಲ್ಲ.

ಇನ್ನೊಂದು ನಿರಾಸೆಯನ್ನೂ ಈಗಲೇ ಹೇಳಿಬಿಡುತ್ತೇನೆ. ನೀರು ಹಾಕಿದರೆ ಪ್ರೊಸೆಸರು ಥಟ್ಟನೆ ತಣ್ಣಗಾಗುತ್ತದೆ ಅಂತ ಕಾದರೆ ನಿಮಗೆ ಬೇಸರವಾಗುತ್ತದೆ. ಈ ರೈಜನ್ನಿನಲ್ಲಿ ಬಿಸಿ ಹುಟ್ಟುವ ಸಿಲಿಕಾನಿನ ತುಣುಕು ಸುಮಾರು 70 ಚದರ ಮಿಲಿಮೀಟರು, ಕಿರುಬೆರಳ ಉಗುರಿನಷ್ಟು. ಅದರ ಮೇಲೆ ಕ್ಯಾಶ್ ಮೆಮೊರಿಯ ಇನ್ನೊಂದು ಪದರ, ಅದರ ಮೇಲೆ ದಪ್ಪನೆಯ ಲೋಹದ ಮುಚ್ಚಳ. ಬಿಸಿ ಅಲ್ಲೇ ಸಿಕ್ಕಿಕೊಳ್ಳುತ್ತದೆ, ನೀರಿನವರೆಗೆ ಬರಲು ತಡಮಾಡುತ್ತದೆ. ಗ್ರಾಫಿಕ್ಸ್ ಚಿಪ್ಪು ಹಾಗಲ್ಲ. 4080ರದು ಸುಮಾರು 379 ಚದರ ಮಿಲಿಮೀಟರು, ಮೇಲೆ ಮುಚ್ಚಳವಿಲ್ಲ, ತಾಮ್ರ ನೇರವಾಗಿ ತಾಗುತ್ತದೆ. ನೀರಿನ ಪೂರ್ತಿ ಲಾಭ ಅದಕ್ಕೇ. ಆಟಕ್ಕೋ ರೆಂಡರಿಂಗಿಗೋ ದೊಡ್ಡ ಕಾರ್ಡಿದ್ದರೆ ಈ ಸಾಹಸಕ್ಕೆ ಅರ್ಥವಿದೆ. ಸಣ್ಣ ಕಾರ್ಡಿಗೆ ಇದೆಲ್ಲ ಮಾಡಿದರೆ ಮೂಗಿಗಿಂತ ಮೂಗುತಿ ಭಾರ. ನನ್ನ ಲೂಪಿಗೆ ಖರ್ಚಾದದ್ದು 52,000 ರೂಪಾಯಿ, ಅದರಲ್ಲಿ ಸುಮಾರು ಕಾಲು ಭಾಗ ಬರೀ ಫಿಟ್ಟಿಂಗಿಗೆ. ಎಲ್ಲರೂ ಪಂಪು, ಬ್ಲಾಕು, ರೇಡಿಯೇಟರಿನ ಬೆಲೆ ಕೂಡಿಸಿ ಸುಮ್ಮನಾಗುತ್ತಾರೆ. ಎರಡು ಬ್ಲಾಕು, ಎರಡು ರೇಡಿಯೇಟರು, ಒಂದು ಪಂಪು ಅಂದರೆ ಐದು ಭಾಗ, ಒಂದೊಂದಕ್ಕೆ ಎರಡು ಬಾಯಿ, ಹತ್ತು ಫಿಟ್ಟಿಂಗು. ಇಕ್ಕಟ್ಟಿನಲ್ಲಿ ಟ್ಯೂಬು ಬಗ್ಗುವುದಿಲ್ಲ, ಆಗ 90 ಡಿಗ್ರಿ ತಿರುಗುವ ಮೊಣಕೈಗಳು ಬೇಕು. ಜೊತೆಗೆ ನೀರು ಇಳಿಸಲು ಒಂದು ಡ್ರೈನ್ ವಾಲ್ವು. ಪುಣ್ಯಕ್ಕೆ ಎಲ್ಲದರ ಥ್ರೆಡ್ಡೂ ಜಿ ಕಾಲು ಇಂಚು ಅನ್ನುವ ಒಂದೇ ಅಳತೆ.

ಈಗ ಯೋಜನೆ. ಸಾಮಾನು ತರಿಸುವ ಮುಂಚೆ ರಟ್ಟು ತರಿಸಿ. ತಮಾಷೆಗೆ ಹೇಳುತ್ತಿಲ್ಲ. ಆರು ಮಿಲಿಮೀಟರಿನ ಪಾಠ ಆದಮೇಲೆ ನಾನು ಹಾಲಿನ ಪ್ಯಾಕೆಟ್ಟು ಬರುವ ರಟ್ಟಿನ ಡಬ್ಬ ಕತ್ತರಿಸಿ ರೇಡಿಯೇಟರು, ಫ್ಯಾನು, ಪಂಪು ಎಲ್ಲದರ ಡಮ್ಮಿ ಮಾಡಿದೆ. ರೇಡಿಯೇಟರು 30 ಮಿ.ಮೀ. ದಪ್ಪ, ಫ್ಯಾನು 25, ಸೇರಿ 55. ತಳಕ್ಕೆ 15 ಮಿ.ಮೀ.ಯ ತೆಳು ಫ್ಯಾನು ಹಾಕಿದರೆ 45. ರೇಡಿಯೇಟರಿನಿಂದ ಹೊರಗೆ ಚಾಚುವ ಫಿಟ್ಟಿಂಗಿಗೆ ಇನ್ನೂ 20 ಬಿಡಬೇಕು. ಎಲ್ಲರೂ ಮರೆಯುವುದು ಇದನ್ನೇ. ಪವರ್ ಸಪ್ಲೈಯ ಕೇಬಲ್ಲುಗಳೂ ಜಾಗ ತಿನ್ನುತ್ತವೆ. ಎಸ್‌ಎಫ್‌ಎಕ್ಸ್ ಅನ್ನುವ ಚಿಕ್ಕ ಅಳತೆಯ ಸಪ್ಲೈ 100 ಮಿ.ಮೀ. ಉದ್ದ ಅಂತ ಕಾಗದದಲ್ಲಿ ಇರುತ್ತದೆ, ಆದರೆ ಅದರಿಂದ ಹೊರಡುವ ಕೇಬಲ್ಲಿನ ಕುತ್ತಿಗೆ ಬಗ್ಗಲು ಇನ್ನೂ ಮೂರು ಬೆರಳು ಜಾಗ ಬೇಕು. ರಟ್ಟಿನ ಪಂಪನ್ನು ನಾಲ್ಕು ಕಡೆ ಇಟ್ಟು ನೋಡಿದೆ. ಕೊನೆಗೆ ಅದು ಕೂತದ್ದು ಕಾರ್ಡಿನ ದಪ್ಪ ಕರಗಿ ಸಿಕ್ಕಿದ ಜಾಗದಲ್ಲೇ.

ಗಾಳಿಯ ದಿಕ್ಕಿನಲ್ಲಿ ನಾನು ಮತ್ತೊಂದು ತಪ್ಪು ಮಾಡಿದೆ. ತಳದಿಂದ ಒಳಗೆ, ಬದಿಯಿಂದ ಹೊರಗೆ ಅಂತ ಕಟ್ಟಿದೆ. ಕೇಳಲು ಚೆನ್ನಾಗಿದೆ. ಆದರೆ ತಳದ ರೇಡಿಯೇಟರು ಬಿಸಿ ಮಾಡಿ ಬಿಟ್ಟ ಗಾಳಿಯನ್ನೇ ಬದಿಯದು ಕುಡಿಯಬೇಕಾಯಿತು, ಎಂಜಲು ಗಾಳಿ. ಎರಡನ್ನೂ ಹೊರಗಿನ ತಾಜಾ ಗಾಳಿ ಎಳೆಯುವಂತೆ ತಿರುಗಿಸಿ, ಬಿಸಿಯನ್ನು ಮೇಲಿನ ಜಾಲರಿಯಿಂದ ಬಿಟ್ಟ ಮೇಲೆ ಸರಿಹೋಯಿತು. ಇದಕ್ಕೂ ಬೆಲೆ ಇದೆ: ಒಳಗಿರುವ ಎಸ್‌ಎಸ್‌ಡಿ, ರ್‍ಯಾಮ್ ಎಲ್ಲ ಬಿಸಿಗಾಳಿಯಲ್ಲಿ ಕೂರುತ್ತವೆ. ಹಾಗಾಗಿ ಎಸ್‌ಎಸ್‌ಡಿಗೆ ಒಂದು ಹೀಟ್‌ಸಿಂಕು ಅಂಟಿಸಿದೆ. ಇನ್ನು ಪೆಟ್ಟಿಗೆಯ ಕಾಲು ಗಿಡ್ಡ. ತಳದ ಫ್ಯಾನಿಗೆ ಮೇಜೇ ಅಡ್ಡ. ಎರಡು ಸೆಂಟಿಮೀಟರಿನ ಎರಡು ಮರದ ಪಟ್ಟಿ ಕೆಳಗಿಟ್ಟೆ, ನೀರು ಮೂರು ಡಿಗ್ರಿ ಇಳಿಯಿತು. ಇಡೀ ಯಂತ್ರದಲ್ಲಿ ಕಾಸಿಗೆ ತಕ್ಕ ಕೆಲಸ ಮಾಡಿದ್ದು ಆ ಎರಡು ಪಟ್ಟಿಗಳೇ.

ಹಾಗೇ ಇನ್ನೊಂದು ಪುಕ್ಕಟೆ ಉಪಾಯ: ಬಿಸಿಯನ್ನೇ ಕಡಿಮೆ ಹುಟ್ಟಿಸುವುದು. ಕಾರ್ಡಿನ ವೋಲ್ಟೇಜು ಇಳಿಸಿ 320ರಿಂದ 250 ವಾಟಿಗೆ ತಂದೆ. ನಾನು ಆಡುವ ಆಟಗಳಲ್ಲಿ ನನ್ನ ಕಣ್ಣಿಗೆ ವ್ಯತ್ಯಾಸ ಕಾಣಲಿಲ್ಲ. ಮುಕ್ಕಾಲು ಫ್ಯಾನಿನಷ್ಟು ರೇಡಿಯೇಟರು ಉಳಿದ ಹಾಗಾಯಿತು.

ಟ್ಯೂಬಿನ ವಿಷಯ ಬೇಗ ಮುಗಿಸುತ್ತೇನೆ. ಗಟ್ಟಿ ಟ್ಯೂಬನ್ನು ಕಾಯಿಸಿ ಬಗ್ಗಿಸಬೇಕು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅನ್ನುವ ಹಾಗೆ, ಒಮ್ಮೆ ತಣಿದ ಮೇಲೆ ಎರಡು ಮಿಲಿಮೀಟರು ತಪ್ಪಿದರೂ ಎಸೆಯಬೇಕು. ಚಿಕ್ಕ ಪೆಟ್ಟಿಗೆಗೆ ಮೊದಲ ಸಲ ಕೈಹಾಕುವವರು ಕಪ್ಪು ಇಪಿಡಿಎಂ ರಬ್ಬರಿನ ಮೆತ್ತನೆ ಟ್ಯೂಬು ಹಾಕಿ. ಚಂದ ಕಾಣುವುದಿಲ್ಲ, ನಿಜ. ಪಾರದರ್ಶಕ ಪಿವಿಸಿ ಟ್ಯೂಬು ಕ್ರಮೇಣ ಮಂಕಾಗುತ್ತದೆ, ಅದರೊಳಗಿನ ಮೆದುಕಾರಕ ನೀರಿಗೆ ಇಳಿದು ಬ್ಲಾಕಿನ ಸಂದಿಗಳಲ್ಲಿ ಗೋಂದಿನ ಹಾಗೆ ಕೂರುತ್ತದೆ. ರಬ್ಬರಿಗೆ ಆ ರೋಗವಿಲ್ಲ.

ನೀರು ಯಾವುದು? ಕೊಳವೆಬಾವಿಯದು ಬೇಡವೇ ಬೇಡ. ನಿಮ್ಮ ಗೀಸರಿನ ಕಾಯಿಲ್ ನೋಡಿದ್ದರೆ ಆ ಬಿಳಿ ಕರೆ ನೆನಪಿರುತ್ತದೆ. ಬ್ಲಾಕಿನ ಒಳಗಿನ ತಾಮ್ರದ ಸಂದಿಗಳು ಕೂದಲೆಳೆಯಷ್ಟು ಕಿರಿದು, ಅಲ್ಲಿ ಅದು ಕೂತರೆ ಕಥೆ ಮುಗಿಯಿತು. ಆರ್‌ಒ ನೀರಿನಲ್ಲೂ ಲವಣ ಉಳಿದಿರುತ್ತದೆ. ಭಟ್ಟಿ ಇಳಿಸಿದ ನೀರು, ಅದಕ್ಕೆ ತುಕ್ಕು ಮತ್ತು ಪಾಚಿ ತಡೆಯುವ ಔಷಧ. ಇಲ್ಲದಿದ್ದರೆ ಸಿದ್ಧ ಕೂಲೆಂಟು. ಇನ್ನು ಲೋಹ. ತಾಮ್ರ, ಹಿತ್ತಾಳೆ, ನಿಕಲ್ ಒಟ್ಟಿಗೆ ಬಾಳುತ್ತವೆ. ನಡುವೆ ಒಂದು ಅಲ್ಯೂಮಿನಿಯಂ ರೇಡಿಯೇಟರು ಬಂತೋ, ನೀರಿನ ಮೂಲಕ ಅದೊಂದು ಬ್ಯಾಟರಿಯಾಗುತ್ತದೆ, ಅಲ್ಯೂಮಿನಿಯಂ ಸವೆಯುತ್ತದೆ. ಅಗ್ಗವಾಗಿ ಸಿಕ್ಕಿತು ಅಂತ ತಂದ ರೇಡಿಯೇಟರು ಯಾವ ಲೋಹದ್ದು ಅಂತ ಎರಡು ಸಲ ನೋಡಿ.

ಫ್ಯಾನಿನ ವೇಗವನ್ನು ಪ್ರೊಸೆಸರಿನ ಉಷ್ಣತೆಗೆ ಕಟ್ಟಬೇಡಿ. ಅದು ಬ್ರೌಸರು ತೆರೆದರೂ ಹತ್ತು ಡಿಗ್ರಿ ಜಿಗಿಯುತ್ತದೆ, ಫ್ಯಾನು ಸುಮ್ಮಸುಮ್ಮನೆ ಕೂಗುತ್ತದೆ. ನೀರಿನಲ್ಲೇ ಒಂದು ಸೆನ್ಸರು ಹಾಕಿ, ಅದನ್ನು ಕೇಳಿ ಫ್ಯಾನು ಸುತ್ತಲಿ. ನೀರು ನಿಧಾನಸ್ಥ.

ತುಂಬುವ ದಿನ. ಮದರ್‌ಬೋರ್ಡಿಗೂ ಕಾರ್ಡಿಗೂ ಕರೆಂಟಿನ ಕೇಬಲ್ ಕೊಡಬೇಡಿ, ಪಂಪಿಗೆ ಮಾತ್ರ. 24 ಪಿನ್ನಿನ ಕನೆಕ್ಟರಿಗೆ ಜಂಪರ್ ಅನ್ನುವ ಜೋಡುತುಂಡು ಹಾಕಿದರೆ ಸಪ್ಲೈ ಒಂಟಿಯಾಗಿ ಹೊತ್ತಿಕೊಳ್ಳುತ್ತದೆ. ಪ್ರತಿ ಜೋಡಣೆಯ ಕೆಳಗೂ ಟಿಶ್ಯೂ ಕಾಗದ ಇಟ್ಟು ರಾತ್ರಿಯಿಡೀ ಓಡಿಸಿ, ಪೆಟ್ಟಿಗೆಯನ್ನು ಆಚೆ ಈಚೆ ವಾಲಿಸಿ ಗುಳ್ಳೆ ಹೊರಡಿಸಿ. ನನ್ನದರಲ್ಲಿ ಬೆಳಗ್ಗೆ ನಾಲ್ಕಕ್ಕೆ ಒಂದು ಕಾಗದದ ಮೂಲೆ ಒದ್ದೆಯಾಗಿತ್ತು. ಸೋರದಂತೆ ತಡೆಯುವ ರಬ್ಬರಿನ ಒಂದು ಓ-ರಿಂಗು ತಿರುಚಿಕೊಂಡಿತ್ತು, ಬಿಗಿಯುವಾಗ ನಾನೇ ಕಚ್ಚಿಸಿದ್ದೆ.

ಆಗಲೇ ಗೊತ್ತಾಗಿದ್ದು, ನೀರು ಇಳಿಸುವ ದಾರಿಯನ್ನೇ ನಾನು ಯೋಚಿಸಿರಲಿಲ್ಲ ಅಂತ. ಡ್ರೈನ್ ವಾಲ್ವು ತಂದಿದ್ದೆ, ಆದರೆ ಅದನ್ನು ಹಾಕಿದ್ದು ಮೇಲಿನ ಬಾಯಿಗೆ. ಕೊನೆಗೆ ಯಂತ್ರವನ್ನು ಬಚ್ಚಲಿಗೆ ಒಯ್ದು, ಮಗುವಿಗೆ ಎಣ್ಣೆ ನೀರು ಹಾಕುವ ಹಾಗೆ ಮೊಣಕಾಲ ಮೇಲೆ ಮಲಗಿಸಿಕೊಂಡು ಒಂದು ಟ್ಯೂಬು ಬಿಚ್ಚಿದೆ. ಅರ್ಧ ಲೀಟರು ನನ್ನ ಲುಂಗಿಗೆ, ಉಳಿದದ್ದು ಬಕೆಟ್ಟಿಗೆ. ಈಗ ಆ ವಾಲ್ವು ತಳದ ರೇಡಿಯೇಟರಿನ ಕೆಳಮೂಲೆಯಲ್ಲಿದೆ. ಇಲ್ಲಿಂದಲೂ ಕಾಣುತ್ತದೆ, ಆ ಹಿತ್ತಾಳೆಯ ಗುಂಡಿ. ಮುಂದಿನ ಸಾಲಿನವರು ಬಂದು ತಿರುಗಿಸಿ ನೋಡಬಹುದು. ಕೆಳಗೆ ಲೋಟ ಇಟ್ಟಿದ್ದೇನೆ.